ಒಬ್ಬರ ವಾಂತಿ ಊರಿಗೆಲ್ಲ ಹರಡದಿರಲು: ನೊರೊವೈರಸ್ ತಡೆಯುವ ಬಗೆ

ಮದುವೆ ಊಟ ಮುಗಿದ ಮೇಲೆ ನಾಲ್ಕೈದು ಮನೆಯಲ್ಲಿ ಒಟ್ಟಿಗೇ ವಾಂತಿ ಶುರುವಾದರೆ ಮೊದಲ ಆರೋಪ ಬೀಳುವುದು ಪಾಯಸದ ಮೇಲೆ, ಇಲ್ಲವೇ ಅಡುಗೆಭಟ್ಟರ ಎಣ್ಣೆಯ ಮೇಲೆ. ಉಂಡ ಎರಡು-ಮೂರು ಗಂಟೆಯಲ್ಲೇ ವಾಂತಿಯಾದರೆ ಆ ಅನುಮಾನ ಸರಿಯಿದ್ದೀತು. 12ರಿಂದ 48 ಗಂಟೆ ಕಳೆದು ದಿಢೀರನೆ ವಾಂತಿ, ನೀರುಭೇದಿ, ಹೊಟ್ಟೆನುಲಿತ ಬಂದರೆ, ಊಟಕ್ಕೇ ಹೋಗದೆ ಮನೆಯಲ್ಲಿದ್ದವರಿಗೂ ತಗುಲಿದರೆ, ನೊರೊವೈರಸ್ ಎಂದೇ ಎಣಿಸಿ ಕೆಲಸ ಶುರುಮಾಡಿ. ಖಚಿತಪಡಿಸಲು ಮಲದ ಆರ್‌ಟಿ-ಪಿಸಿಆರ್ ಪರೀಕ್ಷೆ ಬೇಕು, ಆದರೆ ಅದರ ಫಲಿತಾಂಶಕ್ಕೆ ಕಾದು ಕೂರಬೇಡಿ. ಇದು ದೂರದೇಶದ ಕಾಯಿಲೆಯೇನಲ್ಲ. ನಮ್ಮದೇ ಘಟ್ಟಸಾಲಿನ ವಯನಾಡಿನಲ್ಲಿ 2021ರ ನವೆಂಬರ್‌ನಲ್ಲಿ ಪೂಕೋಡಿನ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಪತ್ತೆಯಾಗಿತ್ತು.

ಹತ್ತಿಪ್ಪತ್ತು ವೈರಸ್ ಕಣ ಹೊಟ್ಟೆ ಸೇರಿದರೂ ಕಾಯಿಲೆಗೆ ಸಾಕು. ಸ್ಯಾನಿಟೈಸರ್ ನಂಬಬೇಡಿ. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿತ್ತು, ಆಲ್ಕೋಹಾಲ್ ಅದನ್ನು ಕರಗಿಸುತ್ತಿತ್ತು. ಇದಕ್ಕೆ ಆ ಹೊದಿಕೆಯೇ ಇಲ್ಲ. ಬಾಟಲಿಯ ಮೇಲಿನ ‘99.9 ಶೇಕಡಾ ಕ್ರಿಮಿ ಕೊಲ್ಲುತ್ತದೆ’ ಎಂಬ ಮಾತನ್ನೂ ಸ್ವಲ್ಪ ಅನುಮಾನದಿಂದಲೇ ಓದಿ. 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಈ ವೈರಸ್ಸನ್ನು ಮನುಷ್ಯರ ಕರುಳಿನ ಅಂಗಾಂಶದಲ್ಲಿ ಬೆಳೆಸಿ ತೋರಿಸಲು ಆದದ್ದು 2016ರಲ್ಲಿ. ಅಲ್ಲಿಯವರೆಗೆ ಸೋಂಕುನಾಶಕಗಳ ಪರೀಕ್ಷೆ ಹೆಚ್ಚಾಗಿ ನಡೆದದ್ದು ಬೆಕ್ಕಿನ, ಇಲಿಯ ಸಂಬಂಧಿ ವೈರಸ್‌ಗಳ ಮೇಲೆ. ಕೈಗೆ ಸೋಪು ಮತ್ತು ಹರಿಯುವ ನೀರೇ ಗತಿ: 20 ಸೆಕೆಂಡ್ ಉಜ್ಜಿ, ಉಗುರಿನ ಸಂದು, ಹೆಬ್ಬೆರಳಿನ ಬುಡ ಬಿಡದೆ. ಸೋಪು ವೈರಸ್ಸನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಕೈಯಿಂದ ಬಿಡಿಸುತ್ತದೆ, ನೀರು ಒಯ್ಯುತ್ತದೆ. ಆದ್ದರಿಂದ ಎಲ್ಲರೂ ಕೈ ಅದ್ದುವ ಬಕೆಟ್ ಇಡಬೇಡಿ. ಚೊಂಬಿನಿಂದ ಯಾರಾದರೂ ನೀರು ಹೊಯ್ಯಲಿ.

ವಾಂತಿ ಬಳಿಯುವುದು

ಎಲ್ಲರೂ ತಪ್ಪುವುದು ಇಲ್ಲೇ. ವಾಂತಿಯಾಗುವಾಗ ಸಣ್ಣ ಹನಿಗಳು ಗಾಳಿಗೆ ಹಾರುತ್ತವೆ. 1998ರಲ್ಲಿ ಇಂಗ್ಲೆಂಡಿನ ಹೋಟೆಲೊಂದರ ಭೋಜನಕೂಟದಲ್ಲಿ ಒಬ್ಬರು ಮೇಜಿನ ಬಳಿ ವಾಂತಿ ಮಾಡಿಕೊಂಡರು. ಆ ಮೇಜಿನವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಮಲಗಿದರು, ಮೇಜು ದೂರವಾದಂತೆ ಕಾಯಿಲೆ ಬಿದ್ದವರೂ ಕಡಿಮೆಯಾದರು. ಪಂಕ್ತಿಯಲ್ಲಿ ಹೀಗಾದರೆ ಆಚೀಚೆಯವರನ್ನು ಎಬ್ಬಿಸಿ, ಹತ್ತಿರದ ಎಲೆಗಳನ್ನು ಊಟದ ಸಮೇತ ತೆಗೆಸಿ, ಕಿಟಕಿ ತೆರೆಯಿರಿ. ಫ್ಯಾನ್ ನಿಲ್ಲಿಸಿ.

ಗ್ಲೌಸ್, ಮಾಸ್ಕ್ ಹಾಕಿಕೊಂಡವರು ಒಬ್ಬರೇ ಈ ಕೆಲಸ ಮಾಡಲಿ. ಮೊದಲು ಹಳೆ ಪೇಪರ್ ಅಥವಾ ಬಟ್ಟೆ ಹಾಸಿ ಹೀರಿಸಿ, ಹೊರಗಿನಿಂದ ಒಳಕ್ಕೆ ಎಳೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಗುಡಿಸಬೇಡಿ, ರಭಸವಾಗಿ ನೀರೂ ಸುರಿಯಬೇಡಿ. ಆಮೇಲೆ ಸೋಪುನೀರಲ್ಲಿ ಒರೆಸಿ, ಕೊನೆಗೆ ಬ್ಲೀಚಿಂಗ್. ಈ ಕ್ರಮ ತಿರುವುಮುರುವಾದರೆ ಕ್ಲೋರಿನ್ನೆಲ್ಲ ಕೊಳೆಯ ಮೇಲೇ ಖರ್ಚಾಗಿ ವೈರಸ್ಸಿಗೆ ಏನೂ ಉಳಿಯುವುದಿಲ್ಲ.

ಶೇಕಡಾ 30 ಕ್ಲೋರಿನ್ ಇರುವ ಬ್ಲೀಚಿಂಗ್ ಪುಡಿಯಾದರೆ ವಾಂತಿ-ಭೇದಿಯಾದ ಜಾಗಕ್ಕೆ ಲೀಟರಿಗೆ 17 ಗ್ರಾಂ, ಬಾಗಿಲ ಚಿಲಕ, ನಲ್ಲಿ, ಸ್ವಿಚ್ಚಿನಂಥ ಮುಟ್ಟುವ ಜಾಗಕ್ಕೆ 3ರಿಂದ 4 ಗ್ರಾಂ. ಸ್ವಿಚ್ಚನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿ. ಶೇಕಡಾ 5ರ ಹೈಪೋಕ್ಲೋರೈಟ್ ದ್ರಾವಣವಿದ್ದರೆ ಲೀಟರ್ ಮಿಶ್ರಣದಲ್ಲಿ ಕ್ರಮವಾಗಿ 100 ಮತ್ತು 20 ಮಿ.ಲೀ. ನೆಲ ಕನಿಷ್ಠ 10 ನಿಮಿಷ ಒದ್ದೆಯಾಗಿರಲಿ. ಮಿಶ್ರಣವನ್ನು ಅಂದಂದೇ ಮಾಡಿಕೊಳ್ಳಿ. ಮಲೆನಾಡಿನ ಮಳೆಗಾಲದ ಥಂಡಿಯಲ್ಲಿ ಬಾಯಿ ತೆರೆದಿಟ್ಟ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಗಂಟುಗಟ್ಟಿ ಘಾಟೇ ಇಲ್ಲದ್ದನ್ನು ಎಸೆಯಿರಿ. ಕಾವಿ ನೆಲದ ಬಣ್ಣ ಸ್ವಲ್ಪ ಹೋದೀತು, ಹೋಗಲಿ. ಫಿನಾಯಿಲ್ ವಾಸನೆಗೆ ಸರಿ, ಈ ಕೆಲಸಕ್ಕಲ್ಲ. ಕಕ್ಕಸು ತೊಳೆಯುವ ಆಸಿಡ್ ಜೊತೆ ಬ್ಲೀಚಿಂಗ್ ಮಾತ್ರ ಯಾವತ್ತೂ ಸೇರಿಸಬೇಡಿ, ಉಸಿರುಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ.

ಅಡುಗೆ, ನೀರು

ಕುದಿಯುವ ಸಾರಿನಿಂದ ಅಪಾಯ ಕಡಿಮೆ. ಒಲೆಯಿಂದ ಇಳಿದ ಮೇಲೆ ಕೈ ತಾಗುವುದೇ ಅಪಾಯ: ಕೋಸಂಬರಿ, ತಂಬುಳಿ, ಮಜ್ಜಿಗೆ, ಪಾನಕ, ಹೆಚ್ಚಿಟ್ಟ ಹಣ್ಣು, ಕೈಯಲ್ಲಿ ಕಟ್ಟಿದ ಲಾಡು. ಊರಲ್ಲಿ ವಾಂತಿ-ಭೇದಿ ಇರುವಾಗ ಕೋಸಂಬರಿ ಬಿಟ್ಟರೆ ಊಟಕ್ಕೇನೂ ಕುಂದಿಲ್ಲ. ಕಾಯಿಲೆಯಾದವರು ವಾಂತಿ-ಭೇದಿ ನಿಂತು 48 ಗಂಟೆ ಆಗುವವರೆಗೆ ಅಡುಗೆಮನೆಗೂ ಬಡಿಸಲಿಕ್ಕೂ ಬರಬಾರದು. ಆಮೇಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು, ಮಲದಲ್ಲಿ ವೈರಸ್ ಹೋಗುತ್ತಿರುತ್ತದೆ. ಕೂಲಿ ತಪ್ಪುತ್ತದೆಂದು ಬಡಿಸುವ ಹುಡುಗರು ಭೇದಿಯನ್ನು ಮುಚ್ಚಿಡುತ್ತಾರೆ. ಆ ಎರಡು ದಿನದ ಕೂಲಿ ಕೊಟ್ಟುಬಿಡುವುದೇ ಅಗ್ಗ.

ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಮೇಲಿನ ಗುಡ್ಡದಲ್ಲಿ ಬಯಲಿಗೆ ಹೋದವರ ಲೆಕ್ಕ ಅದರಲ್ಲಿರುತ್ತದೆ. ಕುಡಿಯುವ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಯಲಿ. ಅದಕ್ಕೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಕೊಡುವುದು ಛತ್ರ, ಹಾಸ್ಟೆಲ್‌ಗಳ ಖಾಯಂ ಚಾಳಿ; ಹಾಗೆ ಮಾಡಿದರೆ ಸೌದೆ ದಂಡ. ಬಾವಿಗೆ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ ಎಂಬುದು ಮಾಮೂಲಿ ಲೆಕ್ಕ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9400 ಲೀಟರ್, ಅಂದರೆ 24 ಗ್ರಾಂ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಹೊಯ್ದು ಕೊಡಪಾನದಿಂದ ಚೆನ್ನಾಗಿ ಕಲಕಿ, ಒಂದು ಗಂಟೆ ಬಿಡಿ. ಆಮೇಲೆ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಮಣ್ಣು ಕದಡಿದ ಕೆಂಪು ನೀರಿಗೆ ಈ ಲೆಕ್ಕ ಸಾಲದು. ಅಂಥದ್ದನ್ನು ಬಾವಿಗೆ ಕ್ಲೋರಿನ್ ಹಾಕಿದ ಮೇಲೂ ಕುದಿಸಿಯೇ ಕುಡಿಯಿರಿ.

ಮಲಗಿದವರಿಗೆ

ಇದಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಮಗುವಿಗೆ ರೋಟಾವೈರಸ್ ಲಸಿಕೆ ಆಗಿದ್ದರೂ ಇದರಿಂದ ರಕ್ಷಣೆಯಿಲ್ಲ. ಓಆರ್‌ಎಸ್ ಪೊಟ್ಟಣ ದೊಡ್ಡದಾದರೆ ಒಂದು ಲೀಟರಿಗೆ, ಚಿಕ್ಕದಾದರೆ 200 ಮಿ.ಲೀ.ಗೆ, ಓದಿ ಕಲಸಿ, ಗಟ್ಟಿಯಾದರೆ ಭೇದಿ ಹೆಚ್ಚುತ್ತದೆ. ಪೊಟ್ಟಣವಿಲ್ಲದಿದ್ದರೆ ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸ 6 ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಕುಡಿದದ್ದು ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರುಮಾಡಿ. ಉಪ್ಪು ಹಾಕಿದ ಗಂಜಿ ನಡೆಯುತ್ತದೆ. ಏಳೆಂಟು ಗಂಟೆ ಮೂತ್ರ ಹೋಗದಿದ್ದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಹಾಲು ಬಿಟ್ಟರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಎರಡು-ಮೂರು ಮನೆಯಲ್ಲಿ ಒಟ್ಟಿಗೇ ಕಂಡರೆ ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿ. ಮಲದ ಮಾದರಿಯನ್ನು ಮೊದಲ ಎರಡು-ಮೂರು ದಿನದೊಳಗೆ ಕೊಟ್ಟರೆ ವೈರಸ್ ಸಿಗುವ ಸಾಧ್ಯತೆ ಹೆಚ್ಚು.