ಅಣಬೆ ಕೋಣೆಗೆ ತಾನೇ ಓಡುವ ಫ್ಯಾನು, ತಾನೇ ನಿಲ್ಲುವ ಮಂಜು

ಚಿಪ್ಪಣಬೆ ಬೆಳೆಯಲು ಹೊಲ ಬೇಡ. ಒಂದು ಖಾಲಿ ಕೋಣೆ, ಭತ್ತದ ಹುಲ್ಲು, ಅಣಬೆ ಬೀಜ ಇದ್ದರೆ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಬೀಜವೂ ಸಿಗುತ್ತದೆ, ತರಬೇತಿಯೂ ಸಿಗುತ್ತದೆ. ಹಾಗಾದರೆ ತೊಡಕು ಎಲ್ಲಿ? ಮೊಗ್ಗು ಒಡೆಯುವ ಹೊತ್ತಿನಿಂದ ಕೊಯ್ಲಿನವರೆಗಿನ ದಿನಗಳಲ್ಲಿ. ಆಗ ಕೋಣೆಯ ತೇವಾಂಶ ಶೇ 85ರಿಂದ 90ರ ಆಸುಪಾಸಿನಲ್ಲಿ ಇರಬೇಕು. ಜೊತೆಗೆ ಹೊಸ ಗಾಳಿ ಒಳಗೆ ಬರುತ್ತಲೇ ಇರಬೇಕು. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವವರು ದಿನಕ್ಕೆ ನಾಲ್ಕೈದು ಸಲ ಸ್ಪ್ರೇ ಬಾಟಲಿ ಹಿಡಿದು ನಿಲ್ಲೋದು ಆಗದ ಮಾತು.

ನೀರನ್ನು ಮಂಜಾಗಿ ಬಿಡುವ, ಗಾಳಿ ಬದಲಿಸುವ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಆದರೆ ಕಿಟ್ ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ. ಗಾಳಿ ಬೇಕೆಂದು ಫ್ಯಾನ್ ಹಾಕಿದರೆ ತೇವ ಹೊರಗೆ ಹೋಗುತ್ತದೆ. ತೇವ ಉಳಿಯಲಿ ಎಂದು ಬಾಗಿಲು ಮುಚ್ಚಿದರೆ ಗಾಳಿ ಕೆಡುತ್ತದೆ. ಇವೆರಡರ ಜಗಳ ಬಿಡಿಸುವುದೇ ಇಲ್ಲಿ ಆಟೊಮೇಷನ್ ಮಾಡಬೇಕಾದ ಕೆಲಸ. ಮೊಬೈಲ್ ಆ್ಯಪ್, ಬಣ್ಣದ ಗ್ರಾಫ್ ಎಲ್ಲ ಆಮೇಲಿನ ಮಾತು.

ಲೆಕ್ಕಕ್ಕೆ ಸುಲಭವಾಗಲಿ ಎಂದು ಎಂಟಡಿ ಉದ್ದ, ಎಂಟಡಿ ಅಗಲ, ಎಂಟಡಿ ಎತ್ತರದ ಕೋಣೆ ಇಟ್ಟುಕೊಳ್ಳೋಣ.

ಮೊದಲು ಕೋಣೆ

ಹುಲ್ಲು ತುಂಬಿ ಬೀಜ ಹಾಕಿದ ಚೀಲಗಳಲ್ಲಿ ಅಣಬೆಯ ಬಿಳಿ ಎಳೆ ಹಬ್ಬಲು ಸುಮಾರು 15ರಿಂದ 20 ದಿನ ಬೇಕು. 25 ಡಿಗ್ರಿ ಆಸುಪಾಸಿನ ಕತ್ತಲ ಮೂಲೆ ಸಾಕು. ಈ ಹಂತದಲ್ಲಿ ಮಂಜೂ ಬೇಡ, ಸೆನ್ಸರೂ ಬೇಡ. ಹುಲ್ಲಿನ ತೇವ ಚೀಲದೊಳಗೇ ಇರುತ್ತದೆ. ಹಾಗಾಗಿ ಇಡೀ ಮನೆಗೆ ಯಂತ್ರ ಕೂರಿಸುವ ಗೋಜಿಗೆ ಹೋಗಬೇಡಿ. ಮೊಗ್ಗು ಬಿಡಿಸುವ ಒಂದೇ ಕೋಣೆಗೆ ಮಾಡಿ.

ಗೋಡೆಗೆ ದಪ್ಪ ಪ್ಲಾಸ್ಟಿಕ್ ಶೀಟ್ ಹೊಡೆಯಿರಿ. ಇಲ್ಲದಿದ್ದರೆ ಸುಣ್ಣದ ಗೋಡೆ ನೀರು ಕುಡಿದು ಬೂಷ್ಟು ಹಿಡಿಯುತ್ತದೆ. ಒಂದು ಗೋಡೆಯಲ್ಲಿ ಮೇಲ್ಗಡೆ ಎಕ್ಸಾಸ್ಟ್ ಫ್ಯಾನ್, ಎದುರು ಗೋಡೆಯಲ್ಲಿ ಕೆಳಗಡೆ ಗಾಳಿ ಒಳಬರುವ ಕಿಂಡಿ. ಕಿಂಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ, ಅಣಬೆ ನೊಣ ಸಣ್ಣ ಸಂದಿಯಲ್ಲೂ ನುಗ್ಗುತ್ತದೆ.

ಫ್ಯಾನಿನ ಗಾಳಿ ಮನೆಯೊಳಗೆ ಅಲ್ಲ, ಬಯಲಿಗೇ ಹೋಗಬೇಕು. ಬೆಳೆದ ಚಿಪ್ಪಣಬೆ ಲೆಕ್ಕವಿಲ್ಲದಷ್ಟು ಬೀಜಕಣ ಉದುರಿಸುತ್ತದೆ. ದಿನವೂ ಅದನ್ನು ಉಸಿರಾಡಿದರೆ ಕೆಮ್ಮು, ಜ್ವರ, ಕೆಲವರಿಗೆ ಶ್ವಾಸಕೋಶದ ಅಲರ್ಜಿಯೂ ಬರಬಹುದು. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಈ ಬೆಳೆ ಮನೆಯೊಳಗೆ ಬೇಡವೇ ಬೇಡ. ಉಳಿದವರೂ ಕೊಯ್ಲಿಗೆ ಹೋಗುವಾಗ ಎನ್‌95 ಮಾಸ್ಕ್ ಹಾಕಿಕೊಳ್ಳಿ.

ಗಾಳಿಗೆ ಟೈಮರ್ ಸಾಕು

ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ಅಣಬೆಯೂ ನಮ್ಮ ಹಾಗೆ ಉಸಿರಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇದು ಬೇಗ ಸಾವಿರ ದಾಟುತ್ತದೆ. ಆಗ ಕಾಂಡ ಉದ್ದವಾಗಿ, ಕೊಡೆ ಬಟನ್‌ನಷ್ಟೇ ಉಳಿಯುತ್ತದೆ. ಇಂಥ ಅಣಬೆಯನ್ನು ಅಂಗಡಿಯವರು ಕೈಯಲ್ಲೂ ಮುಟ್ಟುವುದಿಲ್ಲ.

ಇದಕ್ಕೆ ಗಾಳಿ ಅಳೆಯುವ ಸೆನ್ಸರ್ ಬೇಕೇ? ಶುರುವಿಗೆ ಬೇಡ. ನಮ್ಮ ಕೋಣೆಯಲ್ಲಿರುವುದು 512 ಘನ ಅಡಿ ಗಾಳಿ. ಆರಿಂಚಿನ ಫ್ಯಾನ್ ನಿಮಿಷಕ್ಕೆ 150 ಘನ ಅಡಿ ಎಳೆಯುತ್ತದೆ ಎಂದುಕೊಂಡರೆ, ಮೂರೂವರೆ ನಿಮಿಷದಲ್ಲಿ ಕೋಣೆಯ ಗಾಳಿ ಒಂದು ಸುತ್ತು ಬದಲಾಗುತ್ತದೆ. ನಿಮ್ಮ ಫ್ಯಾನಿನ ಡಬ್ಬದ ಮೇಲೆ ಬರೆದ ಅಂಕಿ ಹಾಕಿ ನೀವೇ ಲೆಕ್ಕ ಮಾಡಿ. ಬಲೆ ಕಟ್ಟಿದರೆ ಗಾಳಿ ಒಂದಷ್ಟು ಕಡಿಮೆಯಾಗುತ್ತದೆ ಅನ್ನೋದೂ ನೆನಪಿರಲಿ. ಅರ್ಧ ಗಂಟೆಗೆ ಐದು ನಿಮಿಷ ಓಡಿಸುವುದರಿಂದ ಶುರು ಮಾಡಿ. ಆಮೇಲೆ ಅಣಬೆಯನ್ನೇ ನೋಡಿ. ಕಾಂಡ ಉದ್ದವಾದರೆ ಫ್ಯಾನ್ ಜಾಸ್ತಿ ಮಾಡಿ. ಕೊಡೆಯ ಅಂಚು ಒಣಗಿ ಸೀಳಿದರೆ ಕಡಿಮೆ ಮಾಡಿ.

ಗಾಳಿ ಅಳೆಯಲೇಬೇಕು ಅನ್ನುವವರಿಗೆ ಎರಡು ಎಚ್ಚರಿಕೆ. ಅಗ್ಗಕ್ಕೆ ಸಿಗುವ ಎಂಕ್ಯೂ-135 ಸೆನ್ಸರ್ ಹೊಗೆ, ಅಮೋನಿಯಾ ಎಲ್ಲಕ್ಕೂ ತಲೆಯಾಡಿಸುತ್ತದೆ, ಈ ಕೆಲಸಕ್ಕೆ ಅದು ಬಾರದು. ಇನ್ಫ್ರಾರೆಡ್‌ನಲ್ಲಿ ಅಳೆಯುವ ಎಂಎಚ್-ಜೆಡ್19 ಆಗುತ್ತದೆ. ಆದರೆ ಅದು ದಿನದಲ್ಲಿ ಕಂಡ ಅತಿ ಕಡಿಮೆ ಮಟ್ಟವನ್ನೇ ಹೊರಗಿನ ಗಾಳಿ ಎಂದು ತಿಳಿದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಅಣಬೆ ಕೋಣೆಯಲ್ಲಿ ಅದು ಹೊರಗಿನ ಗಾಳಿಯ ಮಟ್ಟಕ್ಕೆ ಇಳಿಯುವುದೇ ಅಪರೂಪ. ಹೀಗಾಗಿ ಈ ತಾನೇ ತಿದ್ದಿಕೊಳ್ಳುವ ಚಾಳಿಯನ್ನು ಮೊದಲೇ ಆಫ್ ಮಾಡಿ. ಇಲ್ಲದಿದ್ದರೆ ಕೆಟ್ಟ ಗಾಳಿಯನ್ನೇ ಒಳ್ಳೆಯದು ಎಂದು ತೋರಿಸುತ್ತದೆ.

ಮಂಜು ಎಷ್ಟು ಬೇಕು?

ಇಲ್ಲಿ ಜನ ಸುಮ್ನೆ ದೊಡ್ಡ ಯಂತ್ರ ತಂದು ಕೋಣೆಯನ್ನು ಕೊಚ್ಚೆ ಮಾಡಿಬಿಡುತ್ತಾರೆ. ಲೆಕ್ಕ ಹಾಕಿದರೆ ಬೇಕಾಗಿರುವುದು ಬಹಳ ಕಡಿಮೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿಯುತ್ತದೆ. ನಮ್ಮ ಕೋಣೆ ಹದಿನಾಲ್ಕೂವರೆ ಘನ ಮೀಟರ್. ಶೇ 60 ಇದ್ದ ತೇವಾಂಶವನ್ನು 90ಕ್ಕೆ ಏರಿಸಲು ಬೇಕಾಗುವ ನೀರು ಬರೀ 100 ಗ್ರಾಂ. ಅಂದರೆ ಅರ್ಧ ಲೋಟ!

ಆದರೆ ಫ್ಯಾನ್ ಪ್ರತಿ ಸುತ್ತಿಗೂ ಈ ಅರ್ಧ ಲೋಟವನ್ನು ಹೊರಗೆ ಎಸೆಯುತ್ತದೆ. ಗಂಟೆಗೆ ಮೂರು ಸುತ್ತಾದರೆ 300 ಗ್ರಾಂ. ಮಾರ್ಚ್ ತಿಂಗಳ ಒಣ ಮಧ್ಯಾಹ್ನದಲ್ಲಿ ಇದರ ಎರಡು ಪಟ್ಟು. ಕಂಪನದಿಂದ ನೀರನ್ನು ಮಂಜಾಗಿಸುವ ಅಲ್ಟ್ರಾಸಾನಿಕ್ ಮಿಸ್ಟ್ ಮೇಕರ್‌ನ ಒಂದು ಬಿಲ್ಲೆ ಗಂಟೆಗೆ ಸುಮಾರು 400 ಮಿಲಿಲೀಟರ್ ಮಂಜು ಮಾಡುತ್ತದೆ. ಮೂರು ಬಿಲ್ಲೆಯದು ತಂದರೆ ಬೇಸಿಗೆಗೂ ಸಾಕು. ಹತ್ತು ಬಿಲ್ಲೆಯ ಯಂತ್ರ ಈ ಕೋಣೆಗೆ ದಂಡ.

ಮುಚ್ಚಳವಿರುವ 20 ಲೀಟರ್ ಬಕೆಟ್‌ನಲ್ಲಿ ಮಿಸ್ಟ್ ಮೇಕರ್ ತೇಲಿಬಿಡಿ. ಮುಚ್ಚಳಕ್ಕೆ ಎರಡು ತೂತು. ಒಂದಕ್ಕೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್, ಅದು ಗಾಳಿ ಊದುತ್ತದೆ. ಇನ್ನೊಂದಕ್ಕೆ ಎರಡೂವರೆ ಇಂಚಿನ ಪಿವಿಸಿ ಪೈಪು. ಪೈಪನ್ನು ಸೂರಿನ ಹತ್ತಿರ ಅಡ್ಡಕ್ಕೆ ಹಾಯಿಸಿ, ಅಲ್ಲಲ್ಲಿ ತೂತು ಕೊರೆಯಿರಿ. ತೂತುಗಳು ಮೇಲ್ಮುಖವಾಗಿಯೇ ಇರಲಿ. ಪೈಪಿನೊಳಗೆ ಮಂಜು ಹನಿಗಟ್ಟುವುದನ್ನು ತಡೆಯಲಾಗುವುದಿಲ್ಲ. ತೂತು ಕೆಳಗಿದ್ದರೆ ಆ ಹನಿ ನೇರ ಅಣಬೆಯ ಮೇಲೇ ಬೀಳುತ್ತದೆ. ನೀರು ನಿಂತ ಕೊಡೆ ಹಳದಿಯಾಗಿ, ಅಂಟಂಟಾಗಿ, ಬ್ಯಾಕ್ಟೀರಿಯಾ ಕಲೆ ಹಿಡಿಯುತ್ತದೆ. ಪೈಪನ್ನು ಬಕೆಟ್ ಕಡೆಗೆ ತುಸು ಇಳಿಜಾರು ಮಾಡಿದರೆ ಹನಿ ವಾಪಸ್ ಬಕೆಟ್‌ಗೇ ಬರುತ್ತದೆ.

ಬೋರ್‌ವೆಲ್ ನೀರು ಹಾಕಬೇಡಿ. ಅದರ ಸುಣ್ಣವೂ ಮಂಜಿನ ಜೊತೆ ಹಾರಿ ಚೀಲ, ಗೋಡೆ, ಸೆನ್ಸರ್ ಎಲ್ಲದರ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಬಿಲ್ಲೆಯೂ ಬೇಗ ಸಾಯುತ್ತದೆ. ಮಳೆನೀರು ಅಥವಾ ಆರ್‌ಒ ನೀರು ಬಳಸಿ. ಆರ್‌ಒ ಯಂತ್ರ ಹೊರಹಾಕುವ ನೀರು ಅಲ್ಲ, ಸೋಸಿದ ನೀರು!

ಸೆನ್ಸರನ್ನು ನಂಬುವ ಮೊದಲು

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನಲ್ಲಿ ತೇವಾಂಶದ ಸೆನ್ಸರ್ ಕೇಳಿದರೆ ಮೊದಲು ಕೈಗೆ ಬರುವುದು ನೀಲಿ ಬಣ್ಣದ ಡಿಎಚ್‌ಟಿ11. ಅದಕ್ಕೆ ತೇವಾಂಶ ಶೇ 80–90 ದಾಟಿದ ಮೇಲೆ ಕಣ್ಣು ಕಾಣುವುದಿಲ್ಲ. ನಮಗೆ ಬೇಕಿರುವುದು ಅಲ್ಲಿಂದಲೇ ಶುರು, ಅಲ್ವಾ? ಡಿಎಚ್‌ಟಿ22 ಪರವಾಗಿಲ್ಲ. ಆದರೆ ಸದಾ ಒದ್ದೆ ಗಾಳಿಯಲ್ಲಿದ್ದರೆ ಕ್ರಮೇಣ 99.9ರಲ್ಲೇ ಅಂಟಿಕೊಳ್ಳುವ ಚಟ ಅದಕ್ಕಿದೆ. ನನ್ನ ಆಯ್ಕೆ ಎಸ್‌ಎಚ್‌ಟಿ31, ಅದೂ ಮೇಲೆ ಲೋಹದ ಜಾಲರಿ ಟೊಪ್ಪಿ ಇರುವುದು. ಇದರೊಳಗೆ ಒಂದು ಪುಟ್ಟ ಹೀಟರ್ ಇದೆ. ಹನಿ ಕೂತರೆ ಅದನ್ನು ಆನ್ ಮಾಡಿ ಒಣಗಿಸಬಹುದು.

ಹೊಸದಾದರೂ ಕಣ್ಣು ಮುಚ್ಚಿ ನಂಬಬೇಡಿ. ಅಡುಗೆಮನೆಯ ಉಪ್ಪಿನಲ್ಲೇ ಪರೀಕ್ಷೆ ಮಾಡಬಹುದು. ಬಾಟಲಿ ಮುಚ್ಚಳದ ತುಂಬ ಉಪ್ಪು ಹಾಕಿ. ಕೆಲವೇ ಹನಿ ನೀರು ಬಿಡಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗೆ ಆಗಬೇಕು. ಮುಚ್ಚಳವನ್ನೂ ಸೆನ್ಸರನ್ನೂ ಗಾಳಿಯಾಡದ ಸಣ್ಣ ಡಬ್ಬಿಯಲ್ಲಿಟ್ಟು, ವೈರು ಹೊರಬರುವ ಜಾಗಕ್ಕೆ ಟೇಪು ಸುತ್ತಿ. ಸೆನ್ಸರಿಗೆ ಉಪ್ಪು ತಾಗಬಾರದು. ಒಂದು ರಾತ್ರಿ ಬಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವಾಂಶ 25 ಡಿಗ್ರಿಯಲ್ಲಿ ಶೇ 75ಕ್ಕೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ಸೆನ್ಸರ್ 79 ತೋರಿಸಿದರೆ, ಪ್ರೋಗ್ರಾಮಿನಲ್ಲಿ 4 ಕಳೆಯಲು ಹೇಳಿ. ಹತ್ತರಷ್ಟು ತಪ್ಪಿದರೆ ಅಂಗಡಿಗೆ ವಾಪಸ್ ಕೊಡಿ.

ಸೆನ್ಸರ್ ಇಡುವ ಜಾಗ ಚೀಲಗಳ ನಡುವಿನ ಎತ್ತರದಲ್ಲಿ. ಮಂಜಿನ ಪೈಪಿನ ಹತ್ತಿರವೂ ಬೇಡ, ಗಾಳಿ ಕಿಂಡಿಯ ಎದುರೂ ಬೇಡ. ಎಸ್‌ಎಚ್‌ಟಿ31ರ ವೈರು ಒಂದು ಮೀಟರ್ ಒಳಗಿದ್ದರೆ ಒಳ್ಳೆಯದು. ಉದ್ದವಾದರೆ ಓದುವುದು ತಪ್ಪಿಸುತ್ತದೆ.

ಎರಡಕ್ಕೂ ಒಂದೇ ಯಜಮಾನ

ಪ್ರೋಗ್ರಾಮಿಂಗ್ ಗೊತ್ತಿಲ್ಲದವರು ಅಂಗಡಿಯಲ್ಲಿ ಸಿಗುವ ಡಿಜಿಟಲ್ ಹ್ಯುಮಿಡಿಟಿ ಕಂಟ್ರೋಲರ್ (ತೇವಾಂಶ ನೋಡಿ ಮಂಜು ಆನ್–ಆಫ್ ಮಾಡುವುದು) ಒಂದು, ಸೈಕ್ಲಿಕ್ ಟೈಮರ್ (ಫ್ಯಾನನ್ನು ಆಗಾಗ ಓಡಿಸಿ ನಿಲ್ಲಿಸುವುದು) ಒಂದು ಹಾಕಿಕೊಳ್ಳಿ. ಕೆಲಸ ನಡೆಯುತ್ತದೆ. ಆದರೆ ಫ್ಯಾನ್ ಓಡುವಾಗಲೇ ತೇವ ಇಳಿದು ಮಂಜೂ ಶುರುವಾಗುತ್ತದೆ. ಮಾಡಿದ ಮಂಜೆಲ್ಲ ಫ್ಯಾನಿನಲ್ಲಿ ಹೊರಗೆ! ಎರಡು ಯಂತ್ರಕ್ಕೆ ಒಂದರ ಕೆಲಸ ಇನ್ನೊಂದಕ್ಕೆ ಗೊತ್ತಿರುವುದಿಲ್ಲ ನೋಡಿ.

ಅದಕ್ಕೇ ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್ ಒಳ್ಳೆಯದು. ಅದಕ್ಕೆ ಎರಡು ರಿಲೇ (ಬೋರ್ಡ್ ಹೇಳಿದಂತೆ ಫ್ಯಾನ್, ಮಂಜನ್ನು ಆನ್–ಆಫ್ ಮಾಡುವ ಸ್ವಿಚ್), ಒಂದು ಸೆನ್ಸರ್ ಜೋಡಿಸಿ, ಇಎಸ್‌ಪಿಹೋಮ್ ಎಂಬ ಉಚಿತ ತಂತ್ರಾಂಶ ಹಾಕಿ. ನಿಯಮ ಇಷ್ಟೇ. ಅರ್ಧ ಗಂಟೆಗೊಮ್ಮೆ ಮಂಜು ಆಫ್ ಮಾಡಿ, ಫ್ಯಾನನ್ನು ಐದು ನಿಮಿಷ ಓಡಿಸು. ಫ್ಯಾನ್ ನಿಂತು ಒಂದು ನಿಮಿಷವಾದ ಮೇಲೆ ತೇವಾಂಶ ನೋಡು. 84ಕ್ಕಿಂತ ಕಡಿಮೆ ಇದ್ದರೆ ಮಂಜು ಬಿಡು, 90 ಮುಟ್ಟಿದರೆ ನಿಲ್ಲಿಸು. ಏನೇ ಆದರೂ ಒಂದೇ ಸಮನೆ ಹತ್ತು ನಿಮಿಷಕ್ಕಿಂತ ಜಾಸ್ತಿ ಮಂಜು ಬಿಡಬೇಡ.

84ಕ್ಕೂ 90ಕ್ಕೂ ನಡುವಿನ ಅಂತರ ಬೇಕೇ ಬೇಕು. ‘88ಕ್ಕೆ ಆನ್, 88ಕ್ಕೆ ಆಫ್’ ಎಂದರೆ ರಿಲೇ ಟಕಟಕ ಅನ್ನುತ್ತಲೇ ಇದ್ದು ಬೇಗ ಸುಟ್ಟುಹೋಗುತ್ತದೆ. ಹತ್ತು ನಿಮಿಷದ ಮಿತಿ ಸೆನ್ಸರ್ ಕೆಟ್ಟ ದಿನಕ್ಕೆ. ಸೆನ್ಸರ್ 20 ಎಂದು ಸುಳ್ಳು ಹೇಳುತ್ತಾ ಕೂತರೂ ಕೋಣೆ ಕೆರೆಯಾಗುವುದಿಲ್ಲ.

ಇನ್ನೊಂದು ಸೂಕ್ಷ್ಮ. ವೈಫೈ ಹೋಗಿ ಹದಿನೈದು ನಿಮಿಷವಾದರೆ ಇಎಸ್‌ಪಿಹೋಮ್ ಬೋರ್ಡನ್ನು ತಾನೇ ರೀಬೂಟ್ ಮಾಡುತ್ತದೆ. ಅದು ಮೊದಲಿನಿಂದ ಬಂದಿರುವ ಸೆಟ್ಟಿಂಗ್. ಹಾಗಾದರೆ ನಮ್ಮ ಅರ್ಧ ಗಂಟೆಯ ಲೆಕ್ಕ ಪ್ರತಿ ಸಲವೂ ಸೊನ್ನೆಯಿಂದ ಶುರುವಾಗುತ್ತದೆ, ಫ್ಯಾನಿನ ಸರದಿ ಬರುವುದೇ ಇಲ್ಲ. ಸೆಟ್ಟಿಂಗ್‌ನಲ್ಲಿ ವೈಫೈ, ಎಪಿಐ (ಬೇರೆ ತಂತ್ರಾಂಶ ಬೋರ್ಡಿನ ಜೊತೆ ಮಾತಾಡುವ ದಾರಿ) ಎರಡರಲ್ಲೂ ‘ರೀಬೂಟ್ ಟೈಮ್‌ಔಟ್’ ಅನ್ನು ಸೊನ್ನೆ ಮಾಡಿ. ಇಂಟರ್ನೆಟ್ ಇಲ್ಲದಿದ್ದರೆ ಕೆಲಸವನ್ನೇ ಮಾಡದ ಕ್ಲೌಡ್ ಕಿಟ್‌ಗಳನ್ನಂತೂ ಈ ಕೋಣೆಗೆ ತರಲೇಬೇಡಿ.

ಬೆಳಕಿಗೆ 12 ವೋಲ್ಟಿನ ಒಂದು ಎಲ್‌ಇಡಿ ಟ್ಯೂಬ್, ದಿನಕ್ಕೆ ಹತ್ತು–ಹನ್ನೆರಡು ಗಂಟೆ. ನೇರಳೆ ಬಣ್ಣದ ಗಿಡದ ಲೈಟು ಬೇಡ, ಅಣಬೆ ಬೆಳಕಿನಿಂದ ಊಟ ಮಾಡುವುದಿಲ್ಲ.

ಕರೆಂಟಿನ ವಿಷಯ

ಒದ್ದೆ ಕೋಣೆ, 230 ವೋಲ್ಟ್. ಇಲ್ಲಿ ಉಳಿತಾಯ ನೋಡಬೇಡಿ. ಈ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲೇ ನೋಡಿಸಿ. ಬೋರ್ಡ್, ರಿಲೇ, ಅಡಾಪ್ಟರ್ ಎಲ್ಲ ಕೋಣೆಯ ಹೊರಗಿನ ಗೋಡೆಯ ಮೇಲೆ, ಮುಚ್ಚಿದ ಡಬ್ಬಿಯಲ್ಲಿ. ಒಳಗೆ ಹೋಗುವುದು ಸೆನ್ಸರ್ ಮತ್ತು 12, 24 ವೋಲ್ಟಿನ ವೈರುಗಳು ಮಾತ್ರ. ಎಕ್ಸಾಸ್ಟ್ ಫ್ಯಾನ್ ಕೂಡ 12 ವೋಲ್ಟಿನದೇ ಸಿಕ್ಕರೆ ಒಳ್ಳೆಯದು. ಹಾಗಾದರೆ ಕರೆಂಟ್ ಹೋದಾಗ ಬೋರ್ಡನ್ನೂ ಫ್ಯಾನನ್ನೂ ಒಂದು ಬ್ಯಾಟರಿ ಮೇಲೆ ನಡೆಸಬಹುದು. ಮಂಜನ್ನು ಬ್ಯಾಟರಿಗೆ ಹಾಕಬೇಕಿಲ್ಲ. ನೆಲಕ್ಕೆ ಎರಡು ಬಿಂದಿಗೆ ನೀರು ಚೆಲ್ಲಿ, ಒದ್ದೆ ಗೋಣಿಚೀಲ ನೇತುಹಾಕಿದರೆ ಕೆಲವು ಗಂಟೆ ತಡೆಯುತ್ತದೆ.

ಬಿಸಿಲ ಸೀಮೆಯವರಿಗೆ

ಕಲಬುರಗಿ, ರಾಯಚೂರಿನವರು ಕೇಳುವುದು ಬಿಸಿಲಿನ ಬಗ್ಗೆ. ನೇರವಾಗಿ ಹೇಳಬೇಕೆಂದರೆ, ಏಪ್ರಿಲ್‌ನ 40 ಡಿಗ್ರಿಯನ್ನು ಫ್ಯಾನು, ಮಂಜು ಸೇರಿ 25ಕ್ಕೆ ಇಳಿಸಲಾರವು. ಒಣ ಗಾಳಿಯಲ್ಲಿ ಮಂಜು ಆವಿಯಾಗುವಾಗ ಒಂದಷ್ಟು ತಂಪಾಗುತ್ತದೆ, ನಿಜ. ಮಂಗಳೂರಿನ ಕಡೆ ಗಾಳಿಯೇ ಒದ್ದೆ, ಅಲ್ಲಿ ಅಷ್ಟೂ ಆಗದು. ಎಸಿ ಹಾಕಿದರೆ ಅದು ಗಾಳಿಯ ತೇವವನ್ನೇ ಹಿಂಡಿ ಹಾಕುತ್ತದೆ, ಮಂಜು ಮತ್ತೆ ತುಂಬುತ್ತದೆ. ಸಣ್ಣ ಕೋಣೆಗೆ ಈ ಕರೆಂಟ್ ಬಿಲ್ ಗಿಟ್ಟುವುದಿಲ್ಲ. ಅದರ ಬದಲು ಬೇಸಿಗೆಗೆ ಸೆಕೆ ತಡೆಯುವ ಗುಲಾಬಿ ಚಿಪ್ಪಣಬೆ ಹಾಕಿ, ಬಿಳಿಯದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಗುಲಾಬಿ ಅಣಬೆ ಫ್ರಿಜ್ಜಿನಲ್ಲೂ ಹೆಚ್ಚು ದಿನ ನಿಲ್ಲುವುದಿಲ್ಲ. ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಂಡು ಚೀಲ ಕಟ್ಟಿ.

ವಾರಕ್ಕೊಮ್ಮೆ ಬಕೆಟ್ ಖಾಲಿ ಮಾಡಿ, ಲೋಳೆ ಹೋಗುವ ಹಾಗೆ ಉಜ್ಜಿ ತೊಳೆಯಿರಿ. ಕೊಳೆ ನೀರಿನ ಮಂಜು ಕೋಣೆಯ ತುಂಬ ಕೊಳೆಯನ್ನೇ ಹರಡುತ್ತದೆ. ಬಿಲ್ಲೆಯ ಮೇಲೆ ಬಿಳಿ ಪೊರೆ ಕಂಡರೆ ವಿನೆಗರ್ ಹಾಕಿ ಹತ್ತು ನಿಮಿಷ ಬಿಟ್ಟು ಮೆತ್ತನೆ ಬಟ್ಟೆಯಿಂದ ಒರೆಸಿ, ಚಾಕು ತಾಗಿಸಬೇಡಿ. ಹೊಸ ಚೀಲಗಳನ್ನು ತರುವ ಹಿಂದಿನ ದಿನ ಸೆನ್ಸರನ್ನು ಮತ್ತೊಮ್ಮೆ ಉಪ್ಪಿನ ಡಬ್ಬಿಗೆ ಹಾಕಿ ನೋಡಿ.