ಮನೆ ಮೊದಲು, ಆಮೆ ಆಮೇಲೆ

ನಾನಿರುವುದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕಂದ್ರೆ ನಾನಿಲ್ಲಿ ಆಮೆ ಸಾಕಿದ ಹಾಗೆ ಕೋಲಾರದಲ್ಲೋ ಬೆಂಗಳೂರಿನಲ್ಲೋ ಸಾಕಲು ಹೋದರೆ ಜೈಲೂಟ ಉಣ್ಣಬೇಕಾದೀತು. ನಮ್ಮ ಕಡೆಯ ನಕ್ಷತ್ರ ಆಮೆ ವನ್ಯಜೀವಿ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಅದೃಷ್ಟ ಬರುತ್ತೆ ಅಂತ ಮನೆಯಲ್ಲಿ ಇಟ್ಟುಕೊಂಡರೂ ಏಳು ವರ್ಷದವರೆಗೆ ಶಿಕ್ಷೆ ಆಗಬಹುದು. ಆಫ್ರಿಕಾದ ಸಲ್ಕಾಟಾದಂಥ ಹೊರದೇಶದ ಆಮೆ ಸಾಕಿದವರೂ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. "ಅಕ್ಕಾ, ಊರಲ್ಲೇ ಒಂದು ಸಾಕೋಣ" ಎನ್ನುವ ನನ್ನ ತಮ್ಮನಿಗೆ ನಾನು ಕೊಡುವ ಉತ್ತರ ಇಷ್ಟೇ.

ಇಲ್ಲಿ ಆಮೆ ಸಾಕುವುದು ಮಾಮೂಲು. ಒಂದು ಕಾಲದಲ್ಲಿ ಮೆಡಿಟರೇನಿಯನ್ ದೇಶಗಳಿಂದ ಹಡಗುಗಟ್ಟಲೆ ತಂದು ಮಾರುತ್ತಿದ್ದರು. ಅರ್ಧಕ್ಕರ್ಧ ಚಳಿಗೆ ಸಾಯುತ್ತಿದ್ದವು ಅಂತ ಹಳಬರು ಹೇಳುತ್ತಾರೆ. 1984ರಲ್ಲಿ ಆ ವ್ಯಾಪಾರ ನಿಂತಿತು. ಈಗ ಸಿಗುವುದು ಬಹುಮಟ್ಟಿಗೆ ಇಲ್ಲೇ ಮೊಟ್ಟೆಯೊಡೆದ ಮರಿಗಳು.

ಮಗಳಿಗೆ ಬೇಕಿದ್ದದ್ದು ಸಲ್ಕಾಟಾ. ಮರಿ ಅಂಗೈಯಲ್ಲಿ ಕೂರುತ್ತೆ, ಮುದ್ದಾಗಿರುತ್ತೆ, ನಿಜ. ಆದರೆ ಅದು ಸಹಾರಾದ ಅಂಚಿನ ಪ್ರಾಣಿ. ಬೆಳೆದ ಗಂಡು 45 ಕೆಜಿ ದಾಟುತ್ತೆ, ಚಳಿನಿದ್ದೆ (ಚಳಿಗಾಲದಲ್ಲಿ ಊಟವಿಲ್ಲದೆ ತಿಂಗಳುಗಟ್ಟಲೆ ಮಲಗುವುದು) ಮಾಡಲ್ಲ. ಇಂಗ್ಲೆಂಡಿನ ಚಳಿಗಾಲವಿಡೀ ಅದಕ್ಕೊಂದು ಬೆಚ್ಚಗಿನ ಕೋಣೆಯೇ ಬೇಕು. ಕೆಂಪು ಕಾಲಿನ ರೆಡ್‌ಫುಟ್ ದಕ್ಷಿಣ ಅಮೆರಿಕದ್ದು. ಅದಕ್ಕೆ ಬಿಸಿಯ ಜೊತೆ ವರ್ಷಪೂರ್ತಿ ತೇವವೂ ಬೇಕು, ಅದೂ ಚಳಿನಿದ್ದೆ ಮಾಡಲ್ಲ. ಮಧ್ಯ ಏಷ್ಯಾದ ಹಾರ್ಸ್‌ಫೀಲ್ಡ್ ಚಿಕ್ಕದು, ಗಟ್ಟಿಮುಟ್ಟು. 1968ರಲ್ಲಿ ಸೋವಿಯತ್ ನೌಕೆಯಲ್ಲಿ ಚಂದ್ರನನ್ನು ಸುತ್ತಿ ಬಂದದ್ದು ಇದೇ ಜಾತಿಯ ಎರಡು ಆಮೆಗಳು! ಆದರೆ ಅದು ಮಹಾ ಬಿಲ ತೋಡುವ ಆಸಾಮಿ, ಮಳೆಯ ತೇವ ಅದಕ್ಕೆ ಆಗಿಬರಲ್ಲ. ನಮ್ಮ ಹಿತ್ತಲೋ, ಸದಾ ಒದ್ದೆ.

ಕೊನೆಗೆ ಉಳಿದದ್ದು ಹರ್ಮನ್ ಆಮೆ. ಗ್ರೀಸ್, ಬಲ್ಗೇರಿಯಾ ಕಡೆಯ ಪೂರ್ವದ ತಳಿ. ಬೆಳೆದರೂ ಒಂದು ಊಟದ ತಟ್ಟೆಯೊಳಗೆ ಹಿಡಿಸುವಷ್ಟು. ಆಯಸ್ಸು ಮಾತ್ರ ಐವತ್ತು ವರ್ಷಕ್ಕೂ ಜಾಸ್ತಿ. ಹಾಗಾಗಿ ನಮ್ಮನೆಯವರು ಮಗಳಿಂದ ಮೊದಲೇ ಒಪ್ಪಿಗೆ ತೆಗೆದುಕೊಂಡರು: ನಮ್ಮ ಕಾಲ ಆದ ಮೇಲೆ ನೋಡಿಕೊಳ್ಳುವ ಹೊಣೆ ಅವಳದು. ಅಮ್ಮ ಫೋನಿನಲ್ಲಿ, "ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ ಕಣೇ" ಅಂದರು. ಕೋರ್ಟಿನಿಂದ ಜಪ್ತಿಗೆ ಬರುವ ಅಮೀನ ಬರಲಿಲ್ಲ, ಕರೆಂಟ್ ಬಿಲ್ ಬಂತು.

ಆಮೆ ಬರುವ ಮೊದಲೇ ಅದರ ಮನೆ ತಯಾರಾಗಿ, ದೀಪ ಉರಿಯುತ್ತಿರಬೇಕು. ಇದೊಂದರಲ್ಲಿ ನಾನು ಹಟ ಹಿಡಿದೆ. ಆಮೆಗೆ ಮೈಯೊಳಗೆ ಬಿಸಿ ಹುಟ್ಟುವುದಿಲ್ಲ. ಹೊರಗಿನ ಬಿಸಿ ಸಿಗದಿದ್ದರೆ ತಿಂದದ್ದೂ ಅರಗುವುದಿಲ್ಲ. ಅಂಗಡಿಯವನು ಗಾಜಿನ ತೊಟ್ಟಿ ತೋರಿಸಿದ. ನಾನು ಬೇಡವೆಂದೆ. ಆಮೆಗೆ ಗಾಜು ಕಾಣುವುದಿಲ್ಲ. ಆಚೆ ಜಾಗ ಇದೆ ಅಂದುಕೊಂಡು ದಿನವಿಡೀ ಅದಕ್ಕೇ ಡಿಕ್ಕಿ ಹೊಡೆಯುತ್ತಿರುತ್ತೆ. ಅದರ ಬದಲು ಮೇಲ್ಭಾಗ ತೆರೆದಿರುವ ಮರದ ಪೆಟ್ಟಿಗೆ ಮಾಡಿಸಿದೆವು. ಇಲ್ಲಿ ಅದಕ್ಕೆ ಟಾರ್ಟಾಯ್ಸ್ ಟೇಬಲ್ ಅಂತಾರೆ. ಉದ್ದ ನಾಲ್ಕಡಿ, ಅಗಲ ಎರಡಡಿ. ಇದಕ್ಕಿಂತ ದೊಡ್ಡದಾದರೆ ಇನ್ನೂ ಒಳ್ಳೆಯದು, ನಮ್ಮ ಕೋಣೆಯಲ್ಲಿ ಹಿಡಿಸುವುದು ಅಷ್ಟೇ.

ಉದ್ದ ಯಾಕೆ ಬೇಕು ಅಂದರೆ, ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಬೇಕು. ಬಲ್ಬಿನ ಕೆಳಗೆ, ಆಮೆಯ ಬೆನ್ನಿನ ಎತ್ತರದಲ್ಲಿ, 35 ಡಿಗ್ರಿ. ತಂಪಿನ ತುದಿಯಲ್ಲಿ 20ರ ಆಸುಪಾಸು. ಯಾವಾಗ ಎಲ್ಲಿರಬೇಕು ಅನ್ನುವುದನ್ನು ಅದೇ ತೀರ್ಮಾನಿಸುತ್ತೆ. ಬಲ್ಬಿನ ಕೆಳಗೆ ಒಂದು ಚಪ್ಪಟೆ ಕಲ್ಲಿಟ್ಟಿದ್ದೇವೆ. ಬೆಳಿಗ್ಗೆ ದೀಪ ಹೊತ್ತಿಕೊಂಡರೆ ನಿಧಾನಕ್ಕೆ ಬಂದು ಅದರ ಮೇಲೆ ಕಾಲು ಚಾಚಿ, ಕತ್ತು ಚಾಚಿ ಬಿದ್ದುಕೊಳ್ಳುತ್ತೆ. ಸುಮಾರು ಹೊತ್ತು ಮೈ ಕಾಯಿಸಿಕೊಂಡ ಮೇಲೇ ಊಟದ ಯೋಚನೆ. ಬಲ್ಬನ್ನು ಬರೀ ಕ್ಲಿಪ್ಪಿಗೆ ನಂಬಿ ಬಿಡಬೇಡಿ. ಕ್ಲಿಪ್ ಜಾರಿ ಬಲ್ಬ್ ಪೆಟ್ಟಿಗೆಯ ಮರಕ್ಕೆ ತಾಗಿದರೆ ಮನೆಗೇ ಬೆಂಕಿ. ನಮ್ಮದನ್ನು ಮೇಲಿನ ತೊಲೆಯಿಂದ ಸರಪಳಿ ಹಾಕಿ ಕಟ್ಟಿದ್ದೇವೆ.

ಬಿಸಿಯ ಜೊತೆಗೆ ಯುವಿಬಿ ಬೆಳಕು, ಅಂದರೆ ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ, ಬೇಕೇ ಬೇಕು. ಅದಿಲ್ಲದೆ ಮೈಯಲ್ಲಿ ವಿಟಮಿನ್ ಡಿ-3 ಆಗಲ್ಲ. ಡಿ-3 ಇಲ್ಲದೆ ಎಷ್ಟು ಸುಣ್ಣದಂಶ ತಿನ್ನಿಸಿದರೂ ಚಿಪ್ಪಿಗೆ ಹತ್ತಲ್ಲ, ಚಿಪ್ಪು ಮೆತ್ತಗಾಗುತ್ತೆ. ಕಿಟಕಿ ಪಕ್ಕ ಇಟ್ಟರೆ ಸಾಲದಾ ಅಂತ ಬಹಳ ಜನ ಕೇಳುತ್ತಾರೆ. ಸಾಲದು, ಗಾಜು ಯುವಿಬಿಯನ್ನು ಬಿಡುವುದಿಲ್ಲ. ನಾವು ಹಾಕಿರುವುದು ಉದ್ದನೆಯ ಟಿ-5 ಟ್ಯೂಬು. ಅದರ ಬೆಳಕು ಕಣ್ಣಿಗೆ ಚೆನ್ನಾಗೇ ಕಾಣುತ್ತಿದ್ದರೂ ಯುವಿಬಿ ಇಳಿಯುತ್ತಾ ಬರುತ್ತೆ. ಅದಕ್ಕೇ ಹಾಕಿದ ತಾರೀಕನ್ನು ಟ್ಯೂಬಿನ ಮೇಲೇ ಬರೆದಿಟ್ಟು, ವರ್ಷಕ್ಕೊಮ್ಮೆ ಬದಲಾಯಿಸುತ್ತೇವೆ.

ನೆಲಕ್ಕೆ ಗೊಬ್ಬರ ಬೆರೆಸದ ಬರೀ ಮಣ್ಣು, ಮಕ್ಕಳ ಆಟದ ಮರಳು. ನಾಲ್ಕೈದು ಇಂಚು ದಪ್ಪ. ತಳ ಯಾವಾಗಲೂ ತೇವವಾಗಿರಬೇಕು. ಮರಿ ಆಮೆಯನ್ನು ಒಣ ಜಾಗದಲ್ಲಿ ಬೆಳೆಸಿದರೆ ಚಿಪ್ಪಿನ ಒಂದೊಂದು ಮನೆಯೂ ಗೋಪುರದ ಹಾಗೆ ಎದ್ದುಬಿಡುತ್ತೆ. ಪ್ರೋಟೀನ್ ಜಾಸ್ತಿಯಾಗಿ ಹಾಗಾಗುತ್ತೆ ಅಂತ ಮೊದಲು ಹೇಳುತ್ತಿದ್ದರು. ವಿಯೆನ್ನಾದಲ್ಲಿ ಸಲ್ಕಾಟಾ ಮರಿಗಳ ಮೇಲೆ ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಪ್ರೋಟೀನಿಗಿಂತ ಗಾಳಿಯ ಒಣತನವೇ ದೊಡ್ಡ ಕಾರಣ ಅಂತ ಅದರಲ್ಲಿ ಗೊತ್ತಾಯಿತು. ಹಾಗಾಗಿ ಒಂದು ಮೂಲೆಗೆ ನೀರು ಸುರಿದು, ಅಲ್ಲೊಂದು ಮಡಕೆ ಬೋರಲು ಹಾಕಿದ್ದೇವೆ. ರಾತ್ರಿ ಅದರೊಳಗೆ ಮಣ್ಣು ತೋಡಿಕೊಂಡು ಮಲಗುತ್ತೆ.

ಇಷ್ಟೆಲ್ಲ ಆಗಿ, ಥರ್ಮಾಮೀಟರ್ ಒಂದೇ ಸಮ ತೋರಿಸತೊಡಗಿದ ಮೇಲೆ ಆಮೆ ತರಲು ಹೋದೆವು. ಅಂಗಡಿಗಲ್ಲ, ಮನೆಯಲ್ಲೇ ಮರಿ ಮಾಡಿಸುವ ಒಬ್ಬ ಹಿರಿಯರ ಹತ್ತಿರ. ತಾಯಿ ಆಮೆಯನ್ನೂ ನೋಡಬಹುದು, ಏನು ತಿನ್ನುತ್ತೆ ಅಂತ ಕೇಳಬಹುದು. ಹರ್ಮನ್ ಆಮೆ ಮಾರಲು ಇಲ್ಲಿ ಆರ್ಟಿಕಲ್ 10 ಸರ್ಟಿಫಿಕೇಟ್ ಇರಲೇಬೇಕು. ಹೊಟ್ಟೆಯ ಚಿಪ್ಪು 60 ಮಿ.ಮೀ. ದಾಟಿದ್ದರೆ ಮೈಕ್ರೋಚಿಪ್ಪೂ ಬೇಕು. ಕಾಗದ ಇಲ್ಲದೆ ಕಡಿಮೆ ರೇಟಿಗೆ ಕೊಡ್ತೀನಿ ಅನ್ನುವವರ ಹತ್ತಿರ ಮಾತೇ ಬೇಡ. ಈಗಷ್ಟೇ ಮೊಟ್ಟೆಯೊಡೆದ ಮರಿ ಬಿಟ್ಟು ಮೂರು ವರ್ಷದ್ದನ್ನು ಆರಿಸಿದೆ. ಸಣ್ಣ ಮರಿ ಬೇಗ ಒಣಗುತ್ತೆ, ಹೊಸಬರಿಗೆ ಅದು ಕಷ್ಟ.

ಆ ಹಿರಿಯರು ಹೇಳಿಕೊಟ್ಟ ಪರೀಕ್ಷೆ ಸುಲಭ. ಕೈಗೆತ್ತಿಕೊಂಡಾಗ ಗಾತ್ರಕ್ಕೆ ತಕ್ಕ ತೂಕ ಇರಬೇಕು, ಖಾಲಿ ಡಬ್ಬಿ ಎತ್ತಿದ ಹಾಗೆ ಅನ್ನಿಸಬಾರದು. ಮೂಗಿನಲ್ಲಿ ಗುಳ್ಳೆ ಇರಬಾರದು. ಕಣ್ಣು ಊದಿರಬಾರದು. ಹಿಂಗಾಲು ಮೆಲ್ಲಗೆ ಹಿಡಿದರೆ ಜೋರಾಗಿ ಒಳಕ್ಕೆ ಎಳೆದುಕೊಳ್ಳಬೇಕು. ನೆಲಕ್ಕೆ ಬಿಟ್ಟರೆ ಹೊಟ್ಟೆ ಎತ್ತಿ ನಡೆಯಬೇಕು, ತೆವಳಬಾರದು. ಗಂಡೋ ಹೆಣ್ಣೋ ಅಂತ ಮಾತ್ರ ಆ ವಯಸ್ಸಿಗೆ ಹೇಳಲಾಗದು. ಹದಿನೆಂಟನೇ ಶತಮಾನದಲ್ಲಿ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ 'ಟಿಮೊಥಿ' ಅಂತ ಆಮೆ ಸಾಕಿದ್ದರು. ಅದು ಹೆಣ್ಣು ಅಂತ ಗೊತ್ತಾಗಿದ್ದು ಅದು ಸತ್ತ ಮೇಲೆ! ನಾವು ಎರಡಕ್ಕೂ ಹೊಂದುವ ಹಾಗೆ ಪುಟ್ಟು ಅಂತ ಹೆಸರಿಟ್ಟೆವು. ಜೊತೆಗೆ ಇನ್ನೊಂದು ತಗೊಳ್ಳಿ ಪಾಪ ಒಂಟಿ ಅಂದವರೂ ಇದ್ದಾರೆ. ಆಮೆಗೆ ಜೊತೆ ಬೇಕಿಲ್ಲ. ಎರಡಿದ್ದರೆ ಒಂದು ಇನ್ನೊಂದನ್ನು ಕಚ್ಚಿ, ಹೆದರಿಸಿ, ಊಟ ಬಿಡಿಸುತ್ತೆ.

ಊಟಕ್ಕೆ ಅಂಗಡಿಗೆ ಹೋಗುವ ಕೆಲಸವಿಲ್ಲ. ಪಕ್ಕದ ಮನೆಯವರು ಶಪಿಸುತ್ತಾ ಕೀಳುವ ಡ್ಯಾಂಡೆಲಿಯನ್ ಕಳೆಯೇ ಪುಟ್ಟುವಿನ ಹಬ್ಬದೂಟ. ಹೂವಿದ್ದರೆ ಮೊದಲು ಹೂವಿಗೇ ಬಾಯಿ. ಕ್ಲೋವರ್ ಎಂಬ ಮೂರೆಲೆಯ ಕಳೆ ಸ್ವಲ್ಪ, ದಾಸವಾಳದ ಎಲೆ ಮತ್ತು ಹೂ. ಔಷಧಿ ಹೊಡೆದ ಹುಲ್ಲುಹಾಸಿನದ್ದು ಬೇಡ. ಪಾಲಕ್ ಜಾಸ್ತಿ ಕೊಡಬಾರದು, ಅದರ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತೆ. ಹಣ್ಣು, ಬ್ರೆಡ್ಡು, ಅನ್ನ ಬೇಡವೇ ಬೇಡ. ಬಂದ ನೆಂಟರೆಲ್ಲ ಬಾಳೆಹಣ್ಣು ಹಿಡಿದು ನಿಲ್ಲುತ್ತಾರೆ, ಅವರನ್ನು ತಡೆಯುವುದೇ ಒಂದು ಕೆಲಸ.

ವಾರಕ್ಕೆ ಎರಡು ಮೂರು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ. ನೀರು ಗದ್ದದವರೆಗೆ, ಅದಕ್ಕಿಂತ ಮೇಲಲ್ಲ. ಸ್ವಲ್ಪ ಹೊತ್ತು ಸುಮ್ನೆ ನಿಂತಿರುತ್ತೆ. ಆಮೇಲೆ ಕತ್ತು ಉದ್ದಕ್ಕೆ ಚಾಚಿ, ಮೂತಿ ನೀರಿಗಿಟ್ಟು ಕುಡಿಯುತ್ತೆ. ಗಂಟಲು ಮೇಲೆ ಕೆಳಗೆ ಆಡುವುದು ಕಾಣುತ್ತೆ. ಹಿಂದಿನಿಂದ ಬಿಳಿ ಬಿಳಿಯಾಗಿ ಒಂದಿಷ್ಟು ಬರುತ್ತೆ. ಹೆದರಬೇಕಿಲ್ಲ, ಅದು ಯೂರೇಟ್, ಮೂತ್ರದ ಜೊತೆ ಹೋಗುವ ಕಸ. ಬೆರಳಲ್ಲಿ ಮುಟ್ಟಿದರೆ ಮೆತ್ತಗಿರಬೇಕು. ಮರಳಿನ ಹಾಗೆ ತರಿತರಿ ಇದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಆಮೆ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಬೇಸಿಗೆಯಲ್ಲಿ ಹಿತ್ತಲಿನ ಆವರಣ. ಹಲಗೆಗಳನ್ನು ನೆಲದೊಳಗೂ ಇಳಿಸಿ ನಿಲ್ಲಿಸಿದ್ದೇವೆ, ತೋಡಿಕೊಂಡು ಹೋಗದ ಹಾಗೆ. ಆಮೆ ಹತ್ತುವುದು ಮೂಲೆಯಲ್ಲಿ, ಅದಕ್ಕೆ ಮೂಲೆಗಳ ಮೇಲೆ ತ್ರಿಕೋನದ ಹಲಗೆ. ನರಿ, ಇಲಿಗಳಿಂದ ಕಾಯಲು ಮೇಲೆ ಜಾಲರಿ. ಮಳೆ ಬಂದರೆ ಹೊಕ್ಕಲು ಪಾಲಿಕಾರ್ಬೊನೇಟ್ ಮುಚ್ಚಳದ ಗೂಡು.

ಚಳಿನಿದ್ದೆ ಅಂದಾಗ ಎಲ್ಲರೂ ನಗುವುದು ಫ್ರಿಜ್ಜಿನ ಮಾತಿಗೆ. ಹೌದು, ಪುಟ್ಟು ಚಳಿಗಾಲದಲ್ಲಿ ಫ್ರಿಜ್ಜಿನಲ್ಲಿ ಮಲಗುತ್ತೆ. ಗ್ಯಾರೇಜಿನಲ್ಲಿ ಅದಕ್ಕೇ ಅಂತ ಒಂದು ಸಣ್ಣ ಫ್ರಿಜ್. 5 ಡಿಗ್ರಿ ಬೇಕು. ಸೊನ್ನೆಗಿಳಿದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. 10 ದಾಟಿದರೆ ಅರೆ ಎಚ್ಚರವಾಗಿ ಮೈಯಲ್ಲಿನ ಶಕ್ತಿ ಕರಗುತ್ತೆ. ಒಳಗೆ ನೀರಿನ ಬಾಟಲಿಗಳನ್ನು ತುಂಬಿಟ್ಟರೆ ತಾಪಮಾನ ಏರಿಳಿಯುವುದು ಕಡಿಮೆ. ಗಾಳಿಗೆ ದಿನಕ್ಕೊಮ್ಮೆ ಬಾಗಿಲು ತೆರೆಯಬೇಕು. ಮಲಗಿಸುವ ಮೊದಲು ಎರಡು ಮೂರು ವಾರ ಊಟ ನಿಲ್ಲಿಸಿ ಸ್ನಾನ ಮಾತ್ರ, ಹೊಟ್ಟೆಯಲ್ಲಿ ಉಳಿದದ್ದು ಕೊಳೆಯದ ಹಾಗೆ. ಅದಕ್ಕೂ ಮೊದಲು ಸರೀಸೃಪ ನೋಡುವ ಡಾಕ್ಟರ ಹತ್ತಿರ ಒಮ್ಮೆ ತೋರಿಸುತ್ತೇವೆ. ನಾಯಿ ಬೆಕ್ಕು ನೋಡುವ ಎಲ್ಲರಿಗೂ ಆಮೆ ಗೊತ್ತಿರಲ್ಲ, ಅಂಥವರನ್ನು ಆಮೆ ತರುವ ಮೊದಲೇ ಹುಡುಕಿಟ್ಟುಕೊಳ್ಳಿ.

ಮಲಗಿರುವಾಗ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ಹತ್ತರಲ್ಲಿ ಒಂದು ಪಾಲು ಇಳಿದರೆ, ಅಥವಾ ಪೆಟ್ಟಿಗೆಯಲ್ಲಿ ಉಚ್ಚೆ ಹೊಯ್ದಿದ್ದರೆ, ಮತ್ತೆ ಮಲಗಿಸಬಾರದು, ಎಬ್ಬಿಸಿಬಿಡಬೇಕು. ಎದ್ದ ದಿನ ಮೊದಲು ದೀಪದ ಕೆಳಗೆ, ಆಮೇಲೆ ನೀರಿಗೆ, ಊಟ ಅದಾದ ಮೇಲೆ. ಒಂದು ವಾರವಾದರೂ ಡ್ಯಾಂಡೆಲಿಯನ್ನಿಗೆ ಬಾಯಿ ಹಾಕದಿದ್ದರೆ ಡಾಕ್ಟರಿಗೆ ಫೋನ್ ಮಾಡಿ.