ಕಾಡಿಗೆಂದು ಜಮೀನು ಕೊಂಡಿರಾ? ಮೊದಲ ಮಳೆಗಾಲಕ್ಕೆ ಸಸಿ ತರಬೇಡಿ

ರಿಜಿಸ್ಟ್ರೇಶನ್ ಮುಗಿದ ಖುಷಿಯಲ್ಲಿ ಜೂನ್ 5ಕ್ಕೆ ಸಸಿ ತುಂಬಿದ ಗಾಡಿ ಬರುತ್ತದೆ. ಬ್ಯಾನರು, ಫೋಟೊ, ಊಟ ಎಲ್ಲ ಆಗುತ್ತದೆ. ಮೂರು ವರ್ಷ ಬಿಟ್ಟು ಹೋದರೆ ಸಸಿಗಳ ತಲೆಯ ಮೇಲೆ ಲಂಟಾನದ ಕಳೆಪೊದೆ, ಗಡಿಯ ಆಚೆಯವರ ಅಡಿಕೆ ಗುಂಡಿ ಅರ್ಧ ಎಕರೆ ಒಳಗೆ, ಕಾವಲಿಗೆ ಇದ್ದವನು ಸಂಬಳ ಬಾರದೆ ಬೇರೆ ಕೆಲಸಕ್ಕೆ. ಇಂಥ ಜಮೀನು ಕೆಡುವುದು ಸಾಮಾನ್ಯವಾಗಿ ಹೀಗೆಯೇ.

ಕಾಡು ಉಳಿಸಲು ಜಮೀನು ಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಕೊಡಗಿನಲ್ಲಿ ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆಯಿಂದ ಶುರು ಮಾಡಿ ಸುಮಾರು 300 ಎಕರೆಯವರೆಗೆ ಹೋದರು. ಆಗುಂಬೆಯಲ್ಲಿ ರೊಮ್ಯುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. 2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿಯಲ್ಲಿ, ಕೃಷಿಭೂಮಿ ಖರೀದಿಗೆ ತಡೆ ಹಾಕಿದ್ದ 79ಎ ಮತ್ತು 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರಿಗೂ ದಾರಿ ತೆರೆದಿದೆ. ಕೊಳ್ಳುವುದು ಸುಲಭವಾಗಿದೆ, ಇಪ್ಪತ್ತು ವರ್ಷ ನೋಡಿಕೊಳ್ಳುವುದು ಸುಲಭವಾಗಿಲ್ಲ.

ಇಲ್ಲಿ ಹೇಳುವುದು ಮಲೆನಾಡಿನ 40 ಎಕರೆಯ ಮಾದರಿ ಜಮೀನಿನ ಲೆಕ್ಕ: ಮೇಲೆ ಬ್ಯಾಣ (ಹುಲ್ಲುಗಾವಲು), ಇಳಿಜಾರಿನಲ್ಲಿ ಸಿಲ್ವರ್ ಓಕ್ ನೆರಳಿನ ಹಳೆ ಕಾಫಿ, ಒಂದು ಮೂಲೆಯಲ್ಲಿ ಉಳಿದ ಕಾನು (ಹಳೆಯ ನಿತ್ಯಹಸಿರು ಕಾಡು), ಕೆಳಗೆ ಬೀಳು ಬಿದ್ದ ಗದ್ದೆ, ಅದರ ಪಕ್ಕ ಹಳ್ಳ.

ಹಂತ 1: ಕಾಗದ ಮತ್ತು ಬಾಂದು ಕಲ್ಲು

ಪಹಣಿಯಲ್ಲಿ 40 ಎಕರೆ ಎಂದಿದ್ದ ಮಾತ್ರಕ್ಕೆ ನೆಲದ ಮೇಲೆ ಅಷ್ಟು ಇರಬೇಕೆಂದೇನಿಲ್ಲ. ಆಕಾರಬಂದ್ (ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಅಳತೆಯ ಕಚ್ಚಾ ನಕ್ಷೆ), ಹಿಸ್ಸಾ (ಪಾಲಿನ) ನಕ್ಷೆಗಳ ನಕಲು ತೆಗೆಸಿ, ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಕೊಡಿ. ಸರ್ವೇಯರ್ ಬರುವ ದಿನ ಸುತ್ತಲಿನ ಹಿಡುವಳಿದಾರರೆಲ್ಲ ಎದುರಿಗಿರಲಿ, ಪಂಚನಾಮೆಗೆ ಸಹಿ ಹಾಕಲಿ. ದಿಶಾಂಕ್ ಆಪ್ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತಿಳಿಯಲು ಒಳ್ಳೆಯದು. ಗಡಿ ತೀರ್ಮಾನಕ್ಕೆ ಅದನ್ನು ಹಿಡಿದು ಹೋಗಬೇಡಿ, ದಟ್ಟ ಮರದಡಿ ಫೋನಿನ ಜಿಪಿಎಸ್ ಹತ್ತಾರು ಅಡಿ ಆಚೀಚೆ ತೋರಿಸುತ್ತದೆ.

ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ, ನಿಮ್ಮದಲ್ಲ. ಹಳ್ಳ, ದಾರಿ ಅದರಲ್ಲೇ ಇರುತ್ತವೆ. ಸೊಪ್ಪಿನಬೆಟ್ಟ, ಕುಮ್ಕಿಗಳಲ್ಲಿ (ತೋಟ, ಗದ್ದೆಗೆ ಹೊಂದಿದ ಸರ್ಕಾರಿ ಜಮೀನು) ಇರುವುದು ಸೊಪ್ಪು, ಸೌದೆಯಂಥ ಸವಲತ್ತು, ಮಾಲೀಕತ್ವವಲ್ಲ. ಕೊಡಗಿನ ಬಾಣೆಯಾದರೆ (ಗದ್ದೆಗೆ ಹೊಂದಿದ ಕಾಡುಜಮೀನು) ರಿಡೀಮ್ ಆಗಿದೆಯೇ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದೆಯೇ ನೋಡಿ, ಆಗದಿದ್ದರೆ ಮರದ ಹಕ್ಕು ಸರ್ಕಾರದ್ದು. ಜಮೀನು ಯಾವತ್ತಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿಯಿಲ್ಲದೆ ಆದ ಅಂಥ ಕ್ರಯ ನಿಲ್ಲುವುದಿಲ್ಲ. ಇದನ್ನು ನೋಡದೆ ಕೊಂಡವರು ಬೆಳೆಸಿದ ಕಾಡಿನ ಸಮೇತ ಜಮೀನು ಬಿಡಬೇಕಾದೀತು.

ಗಡಿಗೆ ಇಷ್ಟು ಒತ್ತು ಯಾಕೆಂದರೆ, ಖಾಸಗಿ ಜಮೀನನ್ನು ಬೇರೆಯವರು 12 ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ ಅನುಭವಿಸಿದರೆ ಪ್ರತಿಕೂಲ ಸ್ವಾಧೀನದ, ಅಂದರೆ ಅನುಭವದಿಂದಲೇ ಜಮೀನು ತಮ್ಮದಾಯಿತೆಂಬ ವಾದಕ್ಕೆ ಎಡೆಯಾಗುತ್ತದೆ. ಉಳುಮೆಯಿಲ್ಲದ, ಬೇಲಿಯಿಲ್ಲದ ಕಾಡಿನ ಜಮೀನು ನೋಡುವವರ ಕಣ್ಣಿಗೆ ಹೇಳುವವರು ಕೇಳುವವರಿಲ್ಲದ್ದು. ಹಾಗಾಗಿ ಪ್ರತಿ ಜನವರಿಯಲ್ಲಿ ಗಡಿ ಸುತ್ತಿ, ಒಂದೊಂದು ಬಾಂದು ಕಲ್ಲಿಗೂ ಸುಣ್ಣ ಬಳಿದು, ದಿನಾಂಕದೊಂದಿಗೆ ಫೋಟೊ ತೆಗೆದಿಡಿ. ಒತ್ತುವರಿ ಕಂಡರೆ ಅದೇ ತಿಂಗಳು ಮಾತು, ಮಾತು ನಡೆಯದಿದ್ದರೆ ನೋಟಿಸ್. ಮುಳ್ಳುತಂತಿಗೆ ಮಾತ್ರ ಹೋಗಬೇಡಿ. ಕಡವೆ, ಕಾಡುಕುರಿಗಳಿಗೆ ಗಾಯ, ಆನೆಗೆ ಅದು ಲೆಕ್ಕಕ್ಕೇ ಇಲ್ಲ.

ಹಂತ 2: ಒಂದು ವರ್ಷ ಬರಿದೇ ನೋಡಿ

ಆಗಸ್ಟ್‌ನಲ್ಲಿ ಎಲ್ಲ ಕಡೆ ನೀರಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಎಲ್ಲಿ ಉಳಿದಿರುತ್ತದೆ ಎಂಬುದೇ ಯೋಜನೆಯ ಅರ್ಧ. ಹಳ್ಳದ ನೀರು ಒಂದು ಕಡೆ ದುಮುಕುವಲ್ಲಿ ಪೈಪಿಗೆ ಕೂಡಿಸಿ, 20 ಲೀಟರಿನ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡು ಎಂದು ಬರೆದಿಡಿ. 8 ಸೆಕೆಂಡಾದರೆ ಸೆಕೆಂಡಿಗೆ ಎರಡೂವರೆ ಲೀಟರ್. ಡಿಸೆಂಬರಿನಿಂದ ಮೇವರೆಗೆ ತಿಂಗಳಿಗೊಮ್ಮೆ ಅಳೆದರೆ ಸಾಕು.

ಹತ್ತು ಹನ್ನೆರಡು ಕಡೆ ಕಬ್ಬಿಣದ ಪೈಪ್ ಹೂತು, ಅದರ ತಲೆಯ ಮೇಲೆ ಫೋನಿಟ್ಟು ನಾಲ್ಕು ದಿಕ್ಕಿಗೂ ಫೋಟೊ ತೆಗೆಯಿರಿ. ವರ್ಷಕ್ಕೆ ಮೂರು ಸಲ, ಅದೇ ಪೈಪು, ಅದೇ ದಿಕ್ಕು. ಹತ್ತು ವರ್ಷದ ನಂತರ ದಾನಿಗಳಿಗೂ ಕೋರ್ಟಿಗೂ ಇದಕ್ಕಿಂತ ಒಳ್ಳೆಯ ಸಾಕ್ಷಿ ಇರುವುದಿಲ್ಲ.

ಮರಗಳಿಗೆ 20×20 ಮೀಟರಿನ ಚೌಕ, ಅಂದರೆ ಹೆಚ್ಚುಕಮ್ಮಿ ನಾಲ್ಕು ಗುಂಟೆ. ಜಮೀನಿನ ಪ್ರತಿ ಬಗೆಯ ತುಂಡಿನಲ್ಲೂ ಎರಡಾದರೂ ಇರಲಿ. ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ 30 ಸೆಂಟಿಮೀಟರ್ ದಾಟಿದ ಮರಕ್ಕೆಲ್ಲ ಅಲ್ಯುಮಿನಿಯಂ ಬಿಲ್ಲೆ ಹೊಡೆಯಿರಿ. ಮೊಳೆಯನ್ನು ಪೂರ್ತಿ ಬಡಿಯದೆ ಒಂದು ಇಂಚು ಹೊರಗೆ ಬಿಡಿ, ಇಲ್ಲವಾದರೆ ಬೆಳೆಯುವ ಮರ ಬಿಲ್ಲೆಯನ್ನೇ ನುಂಗುತ್ತದೆ. ಚೌಕದ ಒಂದು ಮೂಲೆಯಲ್ಲಿ 5×5 ಮೀಟರ್ ಗುರುತಿಸಿ, ಕಳೆಯನ್ನು ಕೈಯಲ್ಲಿ ಸರಿಸಿ, ಅಡಿಯಲ್ಲಿ ತಾವಾಗೇ ಹುಟ್ಟಿದ ನಾಡ ಗಿಡಗಳನ್ನು ಎಣಿಸಿ. ಆರು ಸಿಕ್ಕರೂ ಎಕರೆಗೆ ಸಾವಿರದ ಹತ್ತಿರ ಆಯಿತು. ಅಂಥ ಕಡೆ ಸಸಿ ನೆಡುವುದು ದುಡ್ಡು ದಂಡ, ಇದ್ದವನ್ನು ಕಳೆಯಿಂದ ಬಿಡಿಸಿಕೊಟ್ಟರೆ ಮುಗಿಯಿತು.

ಹಂತ 3: ತುಂಡು ಮಾಡಿ ಯೋಚಿಸಿ

ಕಾನಿಗೆ ಕೈ ಹಾಕಬೇಡಿ. ಬಿದ್ದ ಮರವನ್ನೂ ಎಳೆಯಬೇಡಿ.

ಬ್ಯಾಣದಲ್ಲಿ ಗಿಡ ನೆಡಬೇಡಿ. ಅದು ಖಾಲಿ ಜಾಗವಲ್ಲ, ಹುಲ್ಲಿನದೇ ಲೋಕ. ಮುರಕಲ್ಲಿನ ಹಾಸಿನ ಮೇಲೆ ಮಳೆಗಾಲದಲ್ಲಿ ಎರಡು ತಿಂಗಳು ಹೂಬಿಟ್ಟು ಹೋಗುವ ಗಿಡಗಳನ್ನು ಅಕೇಶಿಯಾ ನೆರಳು ಮುಗಿಸಿಬಿಡುತ್ತದೆ. ಅಕೇಶಿಯಾ ಈಗಾಗಲೇ ಇದ್ದರೆ ಕಡಿದ ಮೇಲೆ ಮೂರು ಮಳೆಗಾಲ ಮರಿಗಳನ್ನು ಕೀಳಬೇಕು. ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ, ಬೆಂಕಿ ಬಿದ್ದರಂತೂ ಹಿಂಡು ಹಿಂಡಾಗಿ ಮೊಳೆಯುತ್ತದೆ.

ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು ಎಂದು ಒಂದೇ ಏಟಿಗೆ ಕಡಿಸುವವರಿದ್ದಾರೆ. ಬಿಸಿಲು ನೆಲಕ್ಕೆ ಬಿದ್ದ ಮರುವರ್ಷ ಅಲ್ಲಿ ಬರುವುದು ಕಾಡಲ್ಲ, ಯುಪಟೋರಿಯಂ ಕಳೆ. ಅಡಿಯಲ್ಲಿ ನಾಡ ಮರ ಆಳೆತ್ತರ ಬಂದ ಕಡೆ ಮಾತ್ರ ಓಕನ್ನು ತೆಗೆಯುತ್ತ ಹೋಗಿ. ವರ್ಷಕ್ಕೆ ಹತ್ತರಲ್ಲಿ ಒಂದು ಸಾಕು. ಬೀಳುವ ಮರ ಎಳೆ ಗಿಡದ ಮೇಲೆ ಬೀಳದಂತೆ ಮೊದಲು ರೆಂಬೆ ಸವರಿಸಿ. ಕಡಿಯುವ, ಸಾಗಿಸುವ ಮುಂಚೆ ವಲಯ ಅರಣ್ಯಾಧಿಕಾರಿಯಲ್ಲಿ ಲಿಖಿತವಾಗಿ ವಿಚಾರಿಸಿ.

ಬೀಳುಗದ್ದೆಯಲ್ಲಿ ಹಿಂದಿನವರು ನೀರು ಹೊರಹಾಕಲು ತೋಡಿದ ಬಸಿಗಾಲುವೆಗಳು ಇನ್ನೂ ಕೆಲಸ ಮಾಡುತ್ತಿರುತ್ತವೆ. ಇವನ್ನು ಮುಚ್ಚುವುದು ಇಡೀ ಯೋಜನೆಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಬೇಗ ಫಲ ಕಾಣುವ ಕೆಲಸ. ಮೇಲ್ತುದಿಯಿಂದ ಶುರು ಮಾಡಿ 10ರಿಂದ 15 ಮೀಟರಿಗೊಂದು ಒಡ್ಡು ಹಾಕಿ. ಅಡಿಕೆ ದಬ್ಬೆ ಅಥವಾ ಬಿದಿರಿನ ಗೂಟ ಎರಡು ಸಾಲು ಬಡಿದು, ನಡುವೆ ಜೇಡಿಮಣ್ಣು ತುಳಿದು, ಮೇಲೆ ಹುಲ್ಲಿನ ಹೆಂಟೆ ಹಾಸಿ. ಒಡ್ಡಿನ ಎರಡೂ ತುದಿ ದಡದೊಳಗೆ ಒಂದೂವರೆ ಅಡಿ ಹುದುಗಿರಬೇಕು, ನಡು ಸ್ವಲ್ಪ ತಗ್ಗಿರಬೇಕು. ಇಲ್ಲದಿದ್ದರೆ ಮೊದಲ ಜೋರು ಮಳೆಗೆ ನೀರು ಪಕ್ಕದಿಂದ ಕೊರೆದು ಒಡ್ಡನ್ನು ಅನಾಥವಾಗಿ ನಿಲ್ಲಿಸಿ ಹೋಗುತ್ತದೆ. ನೀರು ಹಿಂದಕ್ಕೊತ್ತಿ ಪಕ್ಕದವರ ಗದ್ದೆಗೆ ನುಗ್ಗದಂತೆ ಮಟ್ಟ ನೋಡಿಕೊಳ್ಳಿ. ಸಿದ್ದಾಪುರದ ಕತ್ತಲೆಕಾನಿನಲ್ಲಿರುವಂಥ ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು ಕಾಡು) ನಿಮ್ಮ ಹಳ್ಳದಂಚಿನಲ್ಲಿ ಒಂದು ಗುಂಟೆ ಉಳಿದಿದ್ದರೂ ಭಾಗ್ಯ. ಅದರ ಮೇಲ್ಭಾಗದ ನೀರನ್ನು ಎಲ್ಲಿಯೂ ತಿರುಗಿಸಬೇಡಿ.

ಹಂತ 4: ಕಳೆ

ಲಂಟಾನವನ್ನು ಕತ್ತಿಯಲ್ಲಿ ಸವರುವುದು ಅದಕ್ಕೆ ಕ್ಷೌರ ಮಾಡಿಸಿದಂತೆ, ಬುಡದಿಂದ ಇನ್ನೂ ಹತ್ತು ಕವಲೊಡೆಯುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ ಸರಳ. ಚಿಗುರುವ ಭಾಗ ಇರುವುದು ಬುಡದಲ್ಲಿ, ನೆಲದ ಮಟ್ಟದಲ್ಲಿ. ಪಿಕಾಸಿಯಿಂದ ಮಣ್ಣಿನ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರಿಗೆ ಏಟು ಹಾಕಿ ಕತ್ತರಿಸಿ. ಒಬ್ಬರು ಪೊದೆಯನ್ನು ಕೋಲಿನಿಂದ ಎತ್ತಿ ಹಿಡಿದರೆ ಇನ್ನೊಬ್ಬರಿಗೆ ಬುಡ ಸಿಗುತ್ತದೆ. ಕಿತ್ತದ್ದನ್ನು ತಲೆಕೆಳಗಾಗಿ ಮಗುಚಿಡಿ, ಬೇರು ಮಣ್ಣಿಗೆ ತಾಗಿದರೆ ಮತ್ತೆ ಹಿಡಿಯುತ್ತದೆ. ಕಾಯಿ ಬಿಡುವ ಮೊದಲು ಮಾಡಿ. ಜೆಸಿಬಿ ತಂದರೆ ಒಂದು ದಿನದಲ್ಲಿ ಆಗುವುದು ನಿಜ, ಆದರೆ ಕದಡಿದ ಮಣ್ಣಿನಲ್ಲಿ ಮುಂದಿನ ಮಳೆಗೆ ಬೇರೆಯದೇ ಕಳೆ ಎದ್ದು ನಿಲ್ಲುತ್ತದೆ.

ಹಕ್ಕಿಗಳು ಬೀಜವನ್ನು ಮತ್ತೆ ತರುತ್ತವೆ. ಆದ್ದರಿಂದ ಮೂರು ವರ್ಷ ಹಿಂದಿರುಗಿ ಮರಿ ಕೀಳಲು ಎಷ್ಟು ಆಳಿದೆಯೋ ಅಷ್ಟೇ ಜಾಗ ತೆಗೆಯಿರಿ. ವರ್ಷಕ್ಕೆ ಎರಡು ಎಕರೆಯಾದರೂ ಸರಿ. ಕಳೆ ಕಡಿಮೆ ಇರುವ ಕಾನಿನ ಅಂಚಿನಿಂದ ಹೆಚ್ಚಿರುವ ಕಡೆಗೆ ಹೋಗಬೇಕು. ಬಹಳ ಜನ ಉಲ್ಟಾ ಮಾಡುತ್ತಾರೆ, ಯಾಕೆಂದರೆ ಕೆಟ್ಟ ಜಾಗವೇ ಕಣ್ಣಿಗೆ ಹೊಡೆಯುವುದು.

ಯುಪಟೋರಿಯಂ ಹೂಬಿಡುವುದು ಚಳಿಗಾಲದಲ್ಲಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಣ್ಣು ಹಸಿ ಇರುವಾಗ ಕೈಯಲ್ಲೇ ಬೇರು ಸಮೇತ ಬರುತ್ತದೆ. ಮೈಕೇನಿಯ ಬಳ್ಳಿಯ ಒಂದು ಗೆಣ್ಣು ಉಳಿದರೂ ಬೇರು ಬಿಡುತ್ತದೆ, ಬಂಡೆಯ ಮೇಲೆ ರಾಶಿ ಹಾಕಿ ಒಣಗಿಸಿ. ಹಳ್ಳಕ್ಕೆ ಎಸೆದರೆ ಕೆಳಗಿನ ಊರಿಗೆಲ್ಲ ಹಂಚಿದಂತೆ.

ಹಂತ 5: ಈಗ ನೆಡಬಹುದು

ಎಣಿಕೆಯಲ್ಲಿ ಗಿಡ ಸಿಗದ ತುಂಡಿಗೆ ಮಾತ್ರ. ಬೀಜ ನಿಮ್ಮ ಕಾನಿನದೇ ಆಗಿರಲಿ. ಸಾಲುಧೂಪ, ರಾಮಪತ್ರೆಯಂಥವುಗಳ ಬೀಜ ಒಣಗಿದರೆ ಸತ್ತಿತು. ಬಿದ್ದ ಕೆಲವೇ ದಿನಗಳಲ್ಲಿ ಹಾಕಬೇಕು, ಡಬ್ಬಿಯಲ್ಲಿಟ್ಟು ಕಾಯುವಂತಿಲ್ಲ. ಬಯಲಿಗೆ ಮೊದಲು ಚಂದಕಲು, ನೇರಳೆ, ಅತ್ತಿ, ಬಸರಿಯಂಥ ಬಿಸಿಲು ತಡೆಯುವ ಮರಗಳು. ಧೂಪದಂಥವಕ್ಕೆ ಎಳೆಯದರಲ್ಲಿ ನೆರಳು ಬೇಕು, ಐದಾರು ವರ್ಷ ಬಿಟ್ಟು ತನ್ನಿ. 10×10 ಅಡಿ ಅಂತರದಲ್ಲಿ ಎಕರೆಗೆ 435 ಗಿಡ ಹಿಡಿಯುತ್ತದೆ. ಸಾಲು ಹಿಡಿದು ನೆಡುವ ಅಗತ್ಯವಿಲ್ಲ. ಗುಂಡಿ ಒಂದೂವರೆ ಅಡಿ ಘನ. ಮಳೆ ಹಿಡಿದ ಮೊದಲ ಎರಡು ವಾರದಲ್ಲಿ ಮುಗಿಸಿ, ಜುಲೈ ಕೊನೆಯಲ್ಲಿ ನೆಟ್ಟದ್ದಕ್ಕೆ ಬೇಸಿಗೆ ಎದುರಿಸುವಷ್ಟು ಬೇರಿರುವುದಿಲ್ಲ. ಬುಡದ ಸುತ್ತ ಮೂರಡಿ ಕಳೆ ತೆಗೆಯುವುದು ವರ್ಷಕ್ಕೆ ಎರಡು ಸಲ, ಮೂರು ವರ್ಷ. ಸಸಿಗಳು ಸಾಯುವುದು ಬಹುಪಾಲು ಈ ಕೆಲಸ ತಪ್ಪಿದ್ದಕ್ಕೆ.

ಹಂತ 6: ಬೆಂಕಿ

ಜನವರಿಯಲ್ಲಿ ಬ್ಯಾಣದ ಅಂಚು ಮತ್ತು ರಸ್ತೆ ಬದಿಯಲ್ಲಿ ಹತ್ತಡಿ ಅಗಲದ ಬೆಂಕಿ ಲೈನ್ ಕೆತ್ತಿಸಿ. ಮಾರ್ಚಿಗೆ ಎಲೆ ಉದುರಿ ಅದೇ ಲೈನ್ ಬೆಂಕಿಗೆ ಸೇತುವೆಯಾಗುತ್ತದೆ, ಹದಿನೈದು ದಿನಕ್ಕೊಮ್ಮೆ ಗುಡಿಸಬೇಕು.

ಹಂತ 7: ಊರು

ಕೊಂಡ ಜಮೀನಿನಲ್ಲಿ ಕಾಲುದಾರಿ ಇರುತ್ತದೆ, ಕೆಳಗಿನ ತೋಟಕ್ಕೆ ನೀರಿನ ಪೈಪ್ ಇರುತ್ತದೆ, ಉಪ್ಪಾಗೆ ಕಾಯಿ ಹೆಕ್ಕುವವರಿರುತ್ತಾರೆ, ಮೂಲೆಯಲ್ಲಿ ಚೌಡಿಯ ಕಲ್ಲಿರುತ್ತದೆ. ಗೇಟು ಹಾಕುವ ಮೊದಲು ಇವೆಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ, ಯಾವುದು ಹೇಗೆ ಮುಂದುವರಿಯುತ್ತದೆ ಎಂದು ಮನೆ ಮನೆಗೆ ಹೋಗಿ ಮಾತಾಡಿ ಬರೆದಿಡಿ. ಚೌಡಿಯ ವಾರ್ಷಿಕ ಪೂಜೆಗೆ ಬೀಗ ಹಾಕಿದವರಿಗೆ ಬೆಂಕಿ ಬಿದ್ದ ದಿನ ಹಸಿ ಸೊಪ್ಪು ಹಿಡಿದು ಯಾರೂ ಓಡಿ ಬರುವುದಿಲ್ಲ.

ಹಂತ 8: ದುಡ್ಡು

ಕೂಲಿ ದರ ಊರಿಗೊಂದು, ಇದು ಲೆಕ್ಕ ಹಾಕುವ ಬಗೆಯಷ್ಟೇ. ಕಾವಲುಗಾರನಿಗೆ ತಿಂಗಳಿಗೆ 15,000ದಂತೆ ವರ್ಷಕ್ಕೆ 1,80,000. ಬೇಸಿಗೆಯ 90 ದಿನ ಇಬ್ಬರು ಬೆಂಕಿ ಕಾವಲಿನವರು, ದಿನಕ್ಕೆ 600ರಂತೆ 1,08,000. ಕಳೆಗೆ 200 ಆಳು, 1,20,000. ಕಂದಾಯ, ಆಡಿಟ್, ಹತ್ಯಾರ, ನರ್ಸರಿ ಸೇರಿ 72,000. ಒಟ್ಟು 4,80,000. ಠೇವಣಿಯ ಬಡ್ಡಿಯಲ್ಲಿ ಬೆಲೆ ಏರಿಕೆ ಕಳೆದು ನಿಜವಾಗಿ ಉಳಿಯುವುದು ಶೇ 3 ಎಂದಿಟ್ಟುಕೊಂಡರೆ ಬೇಕಾದ ಮೂಲಧನ 1 ಕೋಟಿ 60 ಲಕ್ಷ. ಅಷ್ಟಿಲ್ಲದಿದ್ದರೆ 40 ಎಕರೆ ಬದಲು 20 ಎಕರೆ ಕೊಂಡು, ಉಳಿದ ಹಣವನ್ನು ಠೇವಣಿಯಲ್ಲಿಡುವುದು ಜಾಣತನ. ಈ ಮಾತು ಕೊಳ್ಳುವ ಉತ್ಸಾಹದಲ್ಲಿರುವವರಿಗೆ ರುಚಿಸುವುದಿಲ್ಲ.

ಹಂತ 9: ನಿಮ್ಮ ನಂತರ

‘ಮಗನಿಗೆ ಕೊಡುತ್ತೇನೆ, ಆದರೆ ಎಂದೂ ಮಾರಕೂಡದು’ ಎಂದು ದಾನಪತ್ರದಲ್ಲಿ ಬರೆಸುವವರಿದ್ದಾರೆ. ಸ್ವತ್ತು ವರ್ಗಾವಣೆ ಕಾಯ್ದೆಯ 10ನೇ ಕಲಂ ಪ್ರಕಾರ ಮಾರಾಟಕ್ಕೆ ಪೂರ್ತಿ ತಡೆ ಹಾಕುವ ಷರತ್ತು ಅನೂರ್ಜಿತ. ಜಮೀನು ಮಗನದಾಗುತ್ತದೆ, ಷರತ್ತು ಗಾಳಿಗೆ ಹೋಗುತ್ತದೆ. ಅಮೆರಿಕದಲ್ಲಿ ಅಭಿವೃದ್ಧಿಯ ಹಕ್ಕನ್ನಷ್ಟೇ ಬೇರ್ಪಡಿಸಿ ಒಂದು ಸಂಸ್ಥೆಗೆ ಶಾಶ್ವತವಾಗಿ ಬರೆದುಕೊಡುವ ವ್ಯವಸ್ಥೆಯಿದೆ. ನಮ್ಮ 1882ರ ಅನುಭೋಗ ಹಕ್ಕಿನ ಕಾಯ್ದೆಯಲ್ಲಿ ಅಂಥ ಹಕ್ಕು ಇನ್ನೊಂದು ಜಮೀನಿನ ಉಪಯೋಗಕ್ಕೆ ಅಂಟಿಕೊಂಡೇ ಇರಬೇಕು, ಹಾಗಾಗಿ ಆ ದಾರಿ ಇಲ್ಲಿ ನಡೆಯುವುದಿಲ್ಲ.

ಉಳಿಯುವ ದಾರಿ ಸಾರ್ವಜನಿಕ ದತ್ತಿ ಟ್ರಸ್ಟ್ ಅಥವಾ ಸೆಕ್ಷನ್ 8 ಕಂಪನಿ (ಲಾಭಕ್ಕಲ್ಲದ ಕಂಪನಿ). ಟ್ರಸ್ಟಿಗಳಲ್ಲಿ ಕುಟುಂಬದವರು ಅರ್ಧಕ್ಕಿಂತ ಕಡಿಮೆ ಇರಲಿ. ಟ್ರಸ್ಟ್ ಮುಚ್ಚಿದರೆ ಜಮೀನು ಇದೇ ಉದ್ದೇಶದ ಯಾವ ಸಂಸ್ಥೆಗೆ ಹೋಗಬೇಕು ಎಂಬುದನ್ನು ಡೀಡಿನಲ್ಲೇ ಬರೆಯಿಸಿ. ಇನ್ನೂ ಗಟ್ಟಿ ಬೇಕೆಂದರೆ ವನ್ಯಜೀವಿ ಕಾಯ್ದೆಯ 36ಸಿ ಅಡಿ ಸಮುದಾಯ ಮೀಸಲು. ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೆ ಘೋಷಣೆಯಾಯಿತು. ಒಮ್ಮೆ ಘೋಷಣೆಯಾದರೆ ಮೀಸಲಿನ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ರಾಜ್ಯ ಸರ್ಕಾರದ ಒಪ್ಪಿಗೆಯಿಲ್ಲದೆ ಭೂಬಳಕೆ ಬದಲಿಸುವಂತಿಲ್ಲ. ನಿಮ್ಮ ಕೈಯೂ ಕಟ್ಟಿದಂತೆಯೇ, ಯೋಚಿಸಿ ಹೋಗಿ.

ಯೋಜನೆಯ ಪುಸ್ತಕ ಕನ್ನಡದಲ್ಲಿರಲಿ. ಅದರ ಜೊತೆ ಕಾವಲುಗಾರನ ಮನೆಯ ಗೋಡೆಗೆ ಒಂದೇ ಹಾಳೆ: ಜನವರಿಯಲ್ಲಿ ಗಡಿ ಸುತ್ತು ಮತ್ತು ಬೆಂಕಿ ಲೈನ್, ಏಪ್ರಿಲಿನಲ್ಲಿ ಬಕೆಟ್ ಅಳತೆ, ಜೂನಿನಲ್ಲಿ ಒಡ್ಡು ನೋಡುವುದು, ಆಗಸ್ಟಿನಲ್ಲಿ ಲಂಟಾನದ ಮರಿ, ಅಕ್ಟೋಬರಿನಲ್ಲಿ ಯುಪಟೋರಿಯಂ. ಪ್ರತಿಯೊಂದರ ಎದುರಿಗೆ ಎರಡು ಖಾಲಿ ಮನೆ, ಒಂದರಲ್ಲಿ ದಿನಾಂಕ, ಇನ್ನೊಂದರಲ್ಲಿ ಸಹಿ.